ಮ್ಯಾಮೋಗ್ರಾಮ್ ವರದಿ: ಓದುವ ಕಣ್ಣಿಗೂ ಒಂದು ಪರೀಕ್ಷೆ ಬೇಕು

ಕಳೆದ ತಿಂಗಳು ಒಂದು ಸಂಜೆ ಕುಮಾರಸ್ವಾಮಿ ಲೇಔಟ್‌ನ ನನ್ನ ಕ್ಲಿನಿಕ್ಕಿಗೆ ತಾಯಿ-ಮಗಳು ಬಂದರು. ತಾಯಿಗೆ ಐವತ್ತೆರಡು ವರ್ಷ. ಎಡಸ್ತನದಲ್ಲಿ ಗೋಲಿ ಗಾತ್ರದ ಗಂಟು ಕೈಗೆ ತಾಗಿತ್ತು. ಮ್ಯಾಮೋಗ್ರಾಮ್ ಮಾಡಿಸಿದ್ದರು. ಮೊದಲ ವರದಿ "ಬಹುಶಃ ನಿರಪಾಯಕಾರಿ, ಆರು ತಿಂಗಳ ನಂತರ ಮತ್ತೆ ನೋಡಿ" ಎಂದಿತ್ತು. ನೆಂಟರ ಸಲಹೆಯಂತೆ ಅದೇ ಫಿಲ್ಮನ್ನು ಇನ್ನೊಬ್ಬ ತಜ್ಞರಿಗೆ ತೋರಿಸಿದಾಗ ಅವರು "ಸಂಶಯಾಸ್ಪದ, ಬಯಾಪ್ಸಿ ಅಗತ್ಯ" ಎಂದು ಬರೆದುಕೊಟ್ಟಿದ್ದರು.

ಮಗಳು ಎರಡೂ ಕಾಗದಗಳನ್ನು ಮೇಜಿನ ಮೇಲಿಟ್ಟು ಕೇಳಿದಳು: "ಡಾಕ್ಟರೇ, ಫಿಲ್ಮ್ ಒಂದೇ. ಓದಿದವರಿಬ್ಬರೂ ಎಂ.ಡಿ. ಮಾಡಿದವರೇ. ನಾವು ಯಾರನ್ನು ನಂಬೋದು?"

ತಾಯಿ ಮಾತಾಡಲಿಲ್ಲ. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದರು. ಆ ಮಗಳ ಪ್ರಶ್ನೆ ಬಹಳ ಮಂದಿ ಓದುಗರ ಪ್ರಶ್ನೆಯೂ ಹೌದು. ಆದ್ದರಿಂದ ಈ ವಾರ ಅದನ್ನೇ ತೆಗೆದುಕೊಂಡಿದ್ದೇನೆ.

ಎರಡು ಬಗೆಯ ಮ್ಯಾಮೋಗ್ರಾಮ್

ಮ್ಯಾಮೋಗ್ರಾಮ್ ಎಂದರೆ ಸ್ತನದ ಎಕ್ಸ್-ರೇ. ಸ್ತನವನ್ನು ಎರಡು ಹಲಗೆಗಳ ನಡುವೆ ಒತ್ತಿ ಹಿಡಿದು, ಮೇಲಿನಿಂದ ಒಂದು, ಓರೆಯಾಗಿ ಒಂದು, ಹೀಗೆ ಚಿತ್ರ ತೆಗೆಯುತ್ತಾರೆ. ಯಾವ ತೊಂದರೆಯೂ ಇಲ್ಲದ ಮಹಿಳೆಗೆ ಮುನ್ನೆಚ್ಚರಿಕೆಗಾಗಿ ಮಾಡುವುದು ತಪಾಸಣಾ ಮ್ಯಾಮೋಗ್ರಾಮ್. ಗಂಟು, ತೊಟ್ಟಿನಿಂದ ರಕ್ತ ಅಥವಾ ನೀರು, ಚರ್ಮ ಒಳಗೆ ಎಳೆದಂತಾಗುವುದು ಇಂಥ ತೊಂದರೆ ಇದ್ದಾಗ ಅಥವಾ ತಪಾಸಣೆಯಲ್ಲಿ ಏನೋ ಕಂಡಾಗ ಮಾಡುವುದು ರೋಗನಿರ್ಣಯದ ಮ್ಯಾಮೋಗ್ರಾಮ್. ನಮ್ಮಲ್ಲಿ ಹೆಚ್ಚಿನವರು ಗಂಟು ಕೈಗೆ ಸಿಕ್ಕ ಮೇಲೆಯೇ ಬರುವುದರಿಂದ ಎರಡನೆಯದೇ ನಮಗೆ ಮುಖ್ಯ.

ಆ ತಾಯಿಯ ವರದಿಗಳ ಕೊನೆಯಲ್ಲಿ "ಬೈ-ರಾಡ್ಸ್ 3", "ಬೈ-ರಾಡ್ಸ್ 4" ಎಂಬ ಅಂಕಿಗಳಿದ್ದವು. ಒಬ್ಬೊಬ್ಬ ತಜ್ಞರು ಒಂದೊಂದು ಭಾಷೆಯಲ್ಲಿ ವರದಿ ಬರೆದು ಗೊಂದಲವಾಗುತ್ತಿದ್ದುದರಿಂದ ಅಮೆರಿಕದ ರೇಡಿಯಾಲಜಿ ಕಾಲೇಜು 1990ರ ದಶಕದ ಆರಂಭದಲ್ಲಿ ಈ ಅಂಕಿಗಳನ್ನು ತಂದಿತು. 0 ಎಂದರೆ ಪರೀಕ್ಷೆ ಅಪೂರ್ಣ, ಇನ್ನಷ್ಟು ಚಿತ್ರ ಅಥವಾ ಸ್ಕ್ಯಾನಿಂಗ್ ಬೇಕು. 1 ಎಂದರೆ ಏನೂ ಇಲ್ಲ. 2 ಎಂದರೆ ಇರುವುದು ನಿರಪಾಯಕಾರಿ. 3 ಎಂದರೆ ಬಹುಶಃ ನಿರಪಾಯಕಾರಿ, ಕ್ಯಾನ್ಸರ್ ಇರುವ ಸಂಭವ ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ. 4 ಎಂದರೆ ಸಂಶಯವಿದೆ, ಬಯಾಪ್ಸಿ ಆಗಬೇಕು. 5 ಎಂದರೆ ಸಂಭವ ನೂರಕ್ಕೆ 95 ಅಥವಾ ಹೆಚ್ಚು. 6 ಎಂದರೆ ಕ್ಯಾನ್ಸರ್ ಈಗಾಗಲೇ ಬಯಾಪ್ಸಿಯಲ್ಲಿ ಖಚಿತವಾಗಿದೆ.

3 ಮತ್ತು 4ರ ನಡುವೆ ಇರುವುದು ಒಂದೇ ಅಂಕಿಯ ಅಂತರ. ಆದರೆ ಒಂದರಲ್ಲಿ ಆರು ತಿಂಗಳು ಕಾಯಬೇಕು, ಇನ್ನೊಂದರಲ್ಲಿ ಈ ವಾರವೇ ಸೂಜಿ ಹಾಕಿಸಬೇಕು.

ಕಲ್ಲು ಉಳಿಸುವ ತಪ್ಪು, ಅಕ್ಕಿ ಎಸೆಯುವ ತಪ್ಪು

ಮೊರದಲ್ಲಿ ಅಕ್ಕಿ ಆರಿಸುವುದನ್ನು ನೆನಪಿಸಿಕೊಳ್ಳಿ. ಅವಸರದಲ್ಲಿ ಆರಿಸಿದರೆ ಕಲ್ಲು ಉಳಿದುಬಿಡುತ್ತದೆ. ಅತಿ ಅನುಮಾನದಿಂದ ಆರಿಸಿದರೆ ಕಲ್ಲಿನ ಜೊತೆ ಒಳ್ಳೆಯ ಅಕ್ಕಿಯೂ ಹೊರಗೆ ಬೀಳುತ್ತದೆ. ಮ್ಯಾಮೋಗ್ರಾಮ್ ಓದುವವರೂ ಈ ಎರಡು ಬಗೆಯ ತಪ್ಪು ಮಾಡಬಹುದು. ಇರುವ ಕ್ಯಾನ್ಸರನ್ನು ಬಿಟ್ಟುಬಿಡುವುದು ಒಂದು. ಇಲ್ಲದ ಕ್ಯಾನ್ಸರನ್ನು ಅನುಮಾನಿಸುವುದು ಇನ್ನೊಂದು. ಬಂದವರಿಗೆಲ್ಲ "ಬಯಾಪ್ಸಿ ಮಾಡಿಸಿ" ಎನ್ನುವವರು ಒಂದು ಕ್ಯಾನ್ಸರನ್ನೂ ಬಿಡುವುದಿಲ್ಲ, ನಿಜ. ಆದರೆ ಅವರನ್ನು ಒಳ್ಳೆಯ ತಜ್ಞರು ಎನ್ನಲಾದೀತೇ? ಆದ್ದರಿಂದ ಅಳೆಯುವಾಗ ಎರಡನ್ನೂ ಒಟ್ಟಿಗೆ ನೋಡಬೇಕು.

ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ನಿಗಾ ಒಕ್ಕೂಟವೊಂದು 1994ರಿಂದ ಈ ಲೆಕ್ಕ ಇಡುತ್ತಿದೆ. 2007ರಿಂದ 2013ರವರೆಗೆ ನಡೆದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗನಿರ್ಣಯದ ಮ್ಯಾಮೋಗ್ರಾಮ್‌ಗಳ ಫಲಿತಾಂಶವನ್ನು ಅದು 2017ರಲ್ಲಿ ಪ್ರಕಟಿಸಿತು. ಅದನ್ನು ಸಾವಿರ ಪರೀಕ್ಷೆಗಳ ಲೆಕ್ಕಕ್ಕೆ ಇಳಿಸಿ ಹೇಳುತ್ತೇನೆ.

ಸಾವಿರ ಪರೀಕ್ಷೆಗಳಲ್ಲಿ ಸುಮಾರು 126ರಲ್ಲಿ "ಸಂಶಯವಿದೆ" ಎಂಬ ವರದಿ ಬಂತು. ಅವುಗಳಲ್ಲಿ ನಿಜವಾಗಿ ಕ್ಯಾನ್ಸರ್ ಇದ್ದದ್ದು ಸುಮಾರು 35ರಲ್ಲಿ. ಉಳಿದ 91ರಲ್ಲಿ ಕ್ಯಾನ್ಸರ್ ಇರಲಿಲ್ಲ. ಇತ್ತ "ಸಂಶಯವಿಲ್ಲ" ಎಂದು ಕಳಿಸಿದ 874ರಲ್ಲಿ ಸುಮಾರು 5ರಲ್ಲಿ ಒಂದು ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾಯಿತು. ಎಂದರೆ ಒಟ್ಟು 40 ಕ್ಯಾನ್ಸರ್‌ಗಳಲ್ಲಿ 35 ಸಿಕ್ಕವು, 5 ತಪ್ಪಿಸಿಕೊಂಡವು. ನೂರಕ್ಕೆ ಸುಮಾರು 88 ಎಂಬುದು ಪತ್ತೆಹಚ್ಚುವ ಶಕ್ತಿ. ಕ್ಯಾನ್ಸರ್ ಇಲ್ಲದವರಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಸರಿಯಾಗಿಯೇ "ಇಲ್ಲ" ಎಂದು ಹೇಳಲಾಗಿತ್ತು.

ಈ ಲೆಕ್ಕದಿಂದ ನೀವು ಎರಡು ಮಾತು ಮನದಟ್ಟು ಮಾಡಿಕೊಳ್ಳಬೇಕು. "ಬಯಾಪ್ಸಿ ಬೇಕು" ಎಂದ ಕೂಡಲೇ ಕ್ಯಾನ್ಸರ್ ಎಂದು ಎದೆ ಒಡೆದುಕೊಳ್ಳಬೇಡಿ. ಅಂಥವರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಕ್ಯಾನ್ಸರ್ ಇರುವುದಿಲ್ಲ. ಹಾಗೆಯೇ "ಏನೂ ಇಲ್ಲ" ಎಂಬ ವರದಿ ಬಂದರೆ, ಗಂಟು ಕೈಗೆ ಸಿಗುತ್ತಿರುವಾಗ, ಅದನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ.

ಇವು ಅಮೆರಿಕದ ಅಂಕಿಗಳು. ನಮ್ಮಲ್ಲಿ ಗಂಟು ದೊಡ್ಡದಾದ ಮೇಲೆ ಬರುವವರು ಹೆಚ್ಚು. ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ ವಯಸ್ಸಿನಲ್ಲಿ ಈ ರೋಗ ಬರುವವರೂ ಹೆಚ್ಚು. ಆದ್ದರಿಂದ ಅಂಕಿಗಳು ಇಲ್ಲಿ ಹೀಗೆಯೇ ಇರುತ್ತವೆ ಎನ್ನಲಾಗದು.

ಎಲ್ಲ ಕಣ್ಣುಗಳೂ ಒಂದೇ ಅಲ್ಲ

ಮೇಲಿನದು ಸರಾಸರಿ. ವೈದ್ಯರಿಂದ ವೈದ್ಯರಿಗೆ ಇರುವ ವ್ಯತ್ಯಾಸ ದೊಡ್ಡದು. 1994ರಲ್ಲಿ ಅಮೆರಿಕದಲ್ಲಿ ಹತ್ತು ಮಂದಿ ರೇಡಿಯಾಲಜಿಸ್ಟರಿಗೆ ಅದೇ 150 ಮ್ಯಾಮೋಗ್ರಾಮ್‌ಗಳನ್ನು ಕೊಟ್ಟು ಓದಿಸಿದರು. ಕ್ಯಾನ್ಸರ್ ಇಲ್ಲದ ಮಹಿಳೆಯರಲ್ಲಿ ಒಬ್ಬ ವೈದ್ಯರು ನೂರಕ್ಕೆ 11 ಮಂದಿಗೆ ಕೂಡಲೇ ಹೆಚ್ಚಿನ ಪರೀಕ್ಷೆ ಬೇಕೆಂದರೆ, ಇನ್ನೊಬ್ಬರು 65 ಮಂದಿಗೆ ಬೇಕೆಂದರು! 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 123 ರೇಡಿಯಾಲಜಿಸ್ಟರು ಓದಿದ ಸುಮಾರು 36 ಸಾವಿರ ರೋಗನಿರ್ಣಯದ ಮ್ಯಾಮೋಗ್ರಾಮ್‌ಗಳನ್ನು ಪರಿಶೀಲಿಸಿತು. ಕ್ಯಾನ್ಸರ್ ಪತ್ತೆಹಚ್ಚುವ ಶಕ್ತಿ ಅತಿ ಕಡಿಮೆ ಇದ್ದವರಲ್ಲಿ ನೂರಕ್ಕೆ 27, ಅತಿ ಹೆಚ್ಚು ಇದ್ದವರಲ್ಲಿ 100 ಇತ್ತು. ಬೋಧನಾ ಆಸ್ಪತ್ರೆಗಳಲ್ಲಿದ್ದವರು ಮತ್ತು ತಮ್ಮ ಸಮಯದ ಹೆಚ್ಚು ಭಾಗವನ್ನು ಸ್ತನದ ಚಿತ್ರಗಳಿಗೇ ಕೊಡುವವರು ಹೆಚ್ಚು ಕ್ಯಾನ್ಸರ್‌ಗಳನ್ನು ಕಂಡುಹಿಡಿದಿದ್ದರು.

ಹಾಗೆಂದು ಒಂದೆರಡು ವರದಿಗಳಿಂದ ಯಾರಿಗೂ ಹಣೆಪಟ್ಟಿ ಕಟ್ಟಬಾರದು. ಒಂದು ಅಗುಳು ಹಿಸುಕಿ ಅನ್ನ ಬೆಂದಿದೆಯೇ ಎಂದು ಹೇಳಬಹುದು. ಒಂದು ವರದಿ ನೋಡಿ ತಜ್ಞರನ್ನು ಅಳೆಯಲಾಗದು. ವರ್ಷಕ್ಕೆ ಹತ್ತೇ ಕ್ಯಾನ್ಸರ್ ನೋಡುವವರು ಎರಡನ್ನು ಬಿಟ್ಟರೆ ಅದು ಕೌಶಲದ ಕೊರತೆಯೋ ಆಕಸ್ಮಿಕವೋ ತಿಳಿಯುವುದಿಲ್ಲ. ನೂರಾರು, ಸಾವಿರಾರು ವರದಿಗಳ ಲೆಕ್ಕ ಬೇಕು.

ನಾನು ಮಾಡಿದ ತಪ್ಪು

ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ನಲವತ್ತಮೂರು ವರ್ಷದ ಗೃಹಿಣಿಯೊಬ್ಬರು ಸ್ತನದಲ್ಲಿ ಗಂಟೆಂದು ಬಂದಿದ್ದರು. ನನ್ನ ಬೆರಳಿಗೂ ಗಂಟು ಸ್ಪಷ್ಟವಾಗಿ ಸಿಕ್ಕಿತು. ಮ್ಯಾಮೋಗ್ರಾಮ್ ಬರೆದುಕೊಟ್ಟೆ. "ಸಂಶಯಾಸ್ಪದ ಅಂಶಗಳಿಲ್ಲ" ಎಂಬ ವರದಿ ಬಂತು. ನಾನು ನಗುತ್ತಾ, "ಏನೂ ಇಲ್ಲಮ್ಮ, ನಿಶ್ಚಿಂತೆಯಿಂದಿರಿ" ಎಂದು ಕಳಿಸಿದೆ. ಅವರೂ ದೇವರಿಗೆ ಕೈಮುಗಿದು ಹೋದರು.

ಏಳು ತಿಂಗಳ ನಂತರ ಮತ್ತೆ ಬಂದಾಗ ಗಂಟು ದೊಡ್ಡದಾಗಿತ್ತು. ಕಂಕುಳಲ್ಲೂ ಒಂದು ಗಡ್ಡೆ ಸಿಕ್ಕಿತು. ಆಪರೇಷನ್, ಕೀಮೋಥೆರಪಿ ಎಲ್ಲ ಆಯಿತು. ಅವರು ಇಂದು ಚೆನ್ನಾಗಿದ್ದಾರೆ. ಆದರೆ ಮೊದಲೇ ಕಂಡಿದ್ದರೆ ಅಷ್ಟು ಕಷ್ಟ ಬೀಳಬೇಕಾಗಿರಲಿಲ್ಲವೇನೋ. ಆಮೇಲೆ ಹಳೆಯ ಫಿಲ್ಮನ್ನು ಹಿರಿಯ ರೇಡಿಯಾಲಜಿಸ್ಟರಿಗೆ ತೋರಿಸಿದೆ. ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಸ್ತನ ತುಂಬ ಸಾಂದ್ರವಾಗಿದೆ. ಹಾಲಿನ ಲೋಟದಲ್ಲಿ ಸುಣ್ಣದ ಹರಳು ಹುಡುಕಿದ ಹಾಗೆ. ಈಗ ಗೊತ್ತಿದ್ದೂ ನನಗೆ ಕಾಣುತ್ತಿಲ್ಲ" ಎಂದರು.

ವಿಷಯ ಇಷ್ಟೆ. ಕೊಬ್ಬು ಎಕ್ಸ್-ರೇಯಲ್ಲಿ ಕಪ್ಪಾಗಿ ಕಾಣುತ್ತದೆ. ಗ್ರಂಥಿಗಳು ಬೆಳ್ಳಗೆ ಕಾಣುತ್ತವೆ, ಕ್ಯಾನ್ಸರೂ ಬೆಳ್ಳಗೇ ಕಾಣುತ್ತದೆ. ಕಡಿಮೆ ವಯಸ್ಸಿನವರಲ್ಲಿ ಗ್ರಂಥಿಗಳು ಹೆಚ್ಚಿರುವುದರಿಂದ ಬಿಳಿಯೊಳಗೆ ಬಿಳಿ ಅಡಗುತ್ತದೆ. ಅಂದು ಫಿಲ್ಮ್ ಓದಿದವರನ್ನು ನಾನು ದೂರಲಾರೆ. ತಪ್ಪು ನನ್ನದು. ನನ್ನ ಬೆರಳಿಗೆ ಸಿಕ್ಕ ಗಂಟಿಗಿಂತ ಕಾಗದವನ್ನು ಹೆಚ್ಚು ನಂಬಿದೆ. ಗಂಟು ಇದ್ದಾಗ ವೈದ್ಯರ ಕೈಪರೀಕ್ಷೆ, ಮ್ಯಾಮೋಗ್ರಾಮ್ ಮತ್ತು ಸ್ಕ್ಯಾನಿಂಗ್, ಸೂಜಿಯ ಬಯಾಪ್ಸಿ ಈ ಮೂರೂ ಒಂದೇ ಮಾತು ಹೇಳಬೇಕು. ಒಂದು ಬೇರೆ ಹೇಳಿದರೂ ಹುಡುಕಾಟ ಮುಗಿದಿಲ್ಲ ಎಂದರ್ಥ.

ಅಳೆಯುವುದು ಏಕೆ ಕಷ್ಟ?

ಶಾಲೆಯ ಪರೀಕ್ಷೆಗೆ ತಿಂಗಳಲ್ಲಿ ಫಲಿತಾಂಶ ಬರುತ್ತದೆ. ರೇಡಿಯಾಲಜಿಸ್ಟರ ಉತ್ತರ ಸರಿಯೋ ತಪ್ಪೋ ತಿಳಿಯಲು ವರ್ಷ ಕಾಯಬೇಕು. "ಏನೂ ಇಲ್ಲ" ಎಂದು ಕಳಿಸಿದ ಮಹಿಳೆ ಒಂದು ವರ್ಷದ ನಂತರವೂ ಆರೋಗ್ಯವಾಗಿದ್ದಾರೆಯೇ ಎಂದು ಯಾರಾದರೂ ವಿಚಾರಿಸಬೇಕು. ನಮ್ಮ ಊರಿನಲ್ಲಿ ಆಗುವುದೇನು? ಮ್ಯಾಮೋಗ್ರಾಮ್ ಜಯನಗರದಲ್ಲಿ, ಬಯಾಪ್ಸಿ ಬನಶಂಕರಿಯಲ್ಲಿ, ಆಪರೇಷನ್ ಇನ್ನೆಲ್ಲೋ. ಮೊದಲು ಫಿಲ್ಮ್ ಓದಿದವರಿಗೆ ಕಥೆಯ ಕೊನೆ ತಿಳಿಯುವುದೇ ಇಲ್ಲ. ತಪ್ಪು ತಿಳಿಯದಿದ್ದರೆ ತಿದ್ದಿಕೊಳ್ಳುವುದು ಹೇಗೆ?

ಅಮೆರಿಕದ ಒಕ್ಕೂಟ ಈ ತೊಡಕನ್ನು ಬಿಡಿಸಿದ್ದು ಮ್ಯಾಮೋಗ್ರಾಮ್ ದಾಖಲೆಗಳನ್ನು ಕ್ಯಾನ್ಸರ್ ನೋಂದಣಿಯ ಜೊತೆ ಜೋಡಿಸಿ. ಅಲ್ಲಿ 1992ರ ಕಾನೂನಿನ ಪ್ರಕಾರ ಬಂದ ನಿಯಮಗಳಂತೆ ಮ್ಯಾಮೋಗ್ರಾಮ್ ಓದುವವರು ಎರಡು ವರ್ಷಗಳಲ್ಲಿ ಕನಿಷ್ಠ 960 ಓದಿರಬೇಕು. ಬ್ರಿಟನ್ನಿನ ತಪಾಸಣಾ ಕಾರ್ಯಕ್ರಮದಲ್ಲಿ ಮಾನದಂಡ ವರ್ಷಕ್ಕೆ 5000; ಜೊತೆಗೆ ಒಂದೊಂದು ಫಿಲ್ಮನ್ನೂ ಇಬ್ಬರು ಓದುತ್ತಾರೆ.

ನಮ್ಮಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಯಂತ್ರದ ಮತ್ತು ವಿಕಿರಣದ ಸುರಕ್ಷತೆಯನ್ನು ನೋಡಿಕೊಳ್ಳುತ್ತದೆ. ಓದುವ ಕಣ್ಣಿನ ಲೆಕ್ಕ ಇಡುವುದು ಆಯಾ ಆಸ್ಪತ್ರೆಯ, ಆಯಾ ವೈದ್ಯರ ಶ್ರದ್ಧೆಗೆ ಬಿಟ್ಟದ್ದು. ಬೆಂಗಳೂರಿಗೆ ಕ್ಯಾನ್ಸರ್ ನೋಂದಣಿ ಹೊಸದೇನಲ್ಲ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1982ರಿಂದಲೂ ನಗರದ ರೋಗಿಗಳ ಲೆಕ್ಕ ಇಡುತ್ತಿದ್ದಾರೆ. ಹಿಂದೆ ಇಲ್ಲಿನ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು, ಈಗ ಸ್ತನ ಕ್ಯಾನ್ಸರ್ ಮುಂದಿದೆ ಎಂದು ನಮಗೆ ತಿಳಿದದ್ದು ಇಂಥ ಲೆಕ್ಕದಿಂದಲೇ. ಮ್ಯಾಮೋಗ್ರಾಮ್ ಕೇಂದ್ರಗಳ ವರದಿಗಳನ್ನೂ ಇಂಥ ನೋಂದಣಿಗೆ ಜೋಡಿಸಿದರೆ ಪ್ರತಿ ರೇಡಿಯಾಲಜಿಸ್ಟರಿಗೂ ತಮ್ಮ ಕಣ್ಣಿನ ಹರಿತ ತಿಳಿದೀತು. ಇದು ಯಾರನ್ನೋ ಶಿಕ್ಷಿಸಲು ಅಲ್ಲ, ಕಲಿಯಲು.

ನೀವು ಮಾಡಬಹುದಾದದ್ದು

* ಹಳೆಯ ಮ್ಯಾಮೋಗ್ರಾಮ್‌ಗಳ ಫಿಲ್ಮ್ ಅಥವಾ ಸಿ.ಡಿ.ಯನ್ನು ಜೋಪಾನವಾಗಿಡಿ, ಹೊಸ ಪರೀಕ್ಷೆಗೆ ಒಯ್ಯಿರಿ. ಹಳೆಯದರ ಪಕ್ಕದಲ್ಲಿಟ್ಟು ನೋಡಿದಾಗ ಸಣ್ಣ ಬದಲಾವಣೆಯೂ ಕಾಣುತ್ತದೆ.

* ಗಂಟು ಎಲ್ಲಿದೆ, ಎಷ್ಟು ದಿನದಿಂದ ಇದೆ ಎಂಬುದನ್ನು ಸಂಕೋಚವಿಲ್ಲದೆ ತಿಳಿಸಿ. ವೈದ್ಯರ ಚೀಟಿಯಲ್ಲೂ ಬರೆಸಿ.

* ಮುಟ್ಟು ಇನ್ನೂ ಆಗುತ್ತಿದ್ದರೆ, ಮುಟ್ಟಾದ ನಂತರದ ವಾರದಲ್ಲಿ ಹೋಗಿ. ಒತ್ತಿದಾಗ ನೋವು ಕಡಿಮೆ. ಆದರೆ ಇದೇ ನೆಪವಾಗಿ ಪರೀಕ್ಷೆ ಮುಂದೂಡಬೇಡಿ. ಅಂದು ಕಂಕುಳಿಗೆ ಪೌಡರ್, ಸೆಂಟ್ ಬೇಡ. ಅವುಗಳ ಕಣಗಳು ಫಿಲ್ಮಿನಲ್ಲಿ ಸುಣ್ಣದ ಚುಕ್ಕಿಗಳಂತೆ ಕಂಡು ಗೊಂದಲವಾಗಬಹುದು.

* ವರದಿಯ ಕೊನೆಯ ಅಂಕಿಯನ್ನು ಓದಿ, ಅರ್ಥವನ್ನು ವೈದ್ಯರಿಂದ ಕೇಳಿ. 0 ಎಂದು ಬಂದರೆ ಮುಂದಿನ ಪರೀಕ್ಷೆ ಮಾಡಿಸದೆ ಸುಮ್ಮನಿರಬೇಡಿ.

* ಸ್ತನದ ಚಿತ್ರಗಳನ್ನು ಹೆಚ್ಚಾಗಿ ಓದುವವರು ಯಾರು ಎಂದು ವಿಚಾರಿಸಿ. ಎರಡನೆಯ ಅಭಿಪ್ರಾಯ ಕೇಳುವುದು ಮೊದಲನೆಯವರಿಗೆ ಅವಮಾನವಲ್ಲ.

* ಬಯಾಪ್ಸಿ ಅಥವಾ ಆಪರೇಷನ್ ಆದ ಮೇಲೆ ಅದರ ಫಲಿತಾಂಶದ ಪ್ರತಿಯನ್ನು ಮೊದಲು ಮ್ಯಾಮೋಗ್ರಾಮ್ ಓದಿದವರಿಗೂ ತಲುಪಿಸಿ. ಮುಂದೆ ಬರುವ ಇನ್ನೊಬ್ಬ ತಾಯಿಗೆ ನೀವು ಮಾಡುವ ಉಪಕಾರವಿದು.

ಆ ತಾಯಿ-ಮಗಳಿಗೆ ನಾನು ಹೇಳಿದ್ದೂ ಇದನ್ನೇ: "ಯಾರು ಸರಿ ಎಂದು ಫಿಲ್ಮಿನ ಮೇಲೆ ಜಗಳ ಬೇಡ. ಗಂಟು ಕೈಗೆ ಸಿಗುತ್ತಿದೆ, ಒಬ್ಬ ತಜ್ಞರಿಗೆ ಸಂಶಯ ಬಂದಿದೆ. ಸೂಜಿಯೇ ತೀರ್ಮಾನ ಹೇಳಲಿ." ವಾರದಲ್ಲಿ ಬಯಾಪ್ಸಿ ಆಯಿತು. ಕ್ಯಾನ್ಸರ್ ಇರಲಿಲ್ಲ. ಮಗಳು ನಿಟ್ಟುಸಿರು ಬಿಟ್ಟು, "ಹಾಗಾದರೆ ಎರಡನೆಯವರು ಹೇಳಿದ್ದು ತಪ್ಪಾಯಿತಲ್ಲ ಡಾಕ್ಟರೇ?" ಎಂದಳು.

"ಇಲ್ಲಮ್ಮ, ಅವರು ಕ್ಯಾನ್ಸರ್ ಇದೆ ಎಂದಿರಲಿಲ್ಲ. ನೋಡಿ ಎಂದಿದ್ದರು. ನೋಡಿದ್ದಾಯಿತು" ಎಂದೆ. ಆ ಬಯಾಪ್ಸಿ ವರದಿಯ ಎರಡು ಪ್ರತಿ ತೆಗೆಸಿ ಇಬ್ಬರು ತಜ್ಞರಿಗೂ ಕಳಿಸಿಕೊಡುವಂತೆ ಹೇಳಿದ್ದೇನೆ.