ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮತ್ತು ನಾಗರಿಕ ಸಮಾಜ

ಭಾರತದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1993ರ ಅಕ್ಟೋಬರ್ 12ರಂದು ಅಸ್ತಿತ್ವಕ್ಕೆ ಬಂದ ಶಾಸನಬದ್ಧ ಸಂಸ್ಥೆ. ಅದೇ ವರ್ಷದ ಸೆಪ್ಟೆಂಬರ್ 28ರಂದು ಹೊರಡಿಸಲಾದ ಸುಗ್ರೀವಾಜ್ಞೆಯು ಅದರ ಸ್ಥಾಪನೆಗೆ ಆಧಾರವಾಗಿತ್ತು. ಮುಂದೆ ಸುಗ್ರೀವಾಜ್ಞೆಯ ಸ್ಥಾನದಲ್ಲಿ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1993 ಜಾರಿಗೆ ಬಂದಿತು. ಆಯೋಗದ ಕಚೇರಿ ಇರುವುದು ದೆಹಲಿಯಲ್ಲಿ. ಹಕ್ಕುಗಳ ಉಲ್ಲಂಘನೆ ನಡೆಯುವುದು ಬಹುಮಟ್ಟಿಗೆ ದೂರದ ಪೊಲೀಸ್ ಠಾಣೆ, ಸೆರೆಮನೆ, ಇಟ್ಟಿಗೆ ಗೂಡು, ಕಾಡಂಚಿನ ಹಳ್ಳಿಗಳಲ್ಲಿ. ಅಲ್ಲಿನ ಸಂಗತಿಯನ್ನು ಆಯೋಗದವರೆಗೆ ತಲುಪಿಸುವ ಕೆಲಸವನ್ನು ಹೆಚ್ಚಾಗಿ ಮಾಡುತ್ತ ಬಂದಿರುವುದು ನಾಗರಿಕ ಸಮಾಜ, ಅಂದರೆ ಮಾನವ ಹಕ್ಕು ಸಂಘಟನೆಗಳು, ಆದಿವಾಸಿ ಮತ್ತು ದಲಿತ ಸಂಘಗಳು, ಕಾರ್ಮಿಕ ಸಂಘಗಳು, ವಕೀಲರು ಹಾಗೂ ಪತ್ರಕರ್ತರು. ಆಯೋಗದ ಹೆಸರಿನಲ್ಲಿ ದಾಖಲಾಗಿರುವ ಪ್ರಮುಖ ಪ್ರಕರಣಗಳಲ್ಲಿ ಅನೇಕವು ಇಂಥ ಸಂಘಟನೆಗಳ ದೂರಿನಿಂದಲೇ ಆರಂಭವಾದವು.

ಕಾನೂನಿನ ಆಧಾರ

ಕಾಯ್ದೆಯ 12ನೆಯ ಸೆಕ್ಷನ್ ಆಯೋಗದ ಕಾರ್ಯಗಳನ್ನು ವಿವರಿಸುತ್ತದೆ. ಮಾನವ ಹಕ್ಕುಗಳ ಕ್ಷೇತ್ರದಲ್ಲಿ ದುಡಿಯುವ ಸರ್ಕಾರೇತರ ಸಂಸ್ಥೆಗಳ ಪ್ರಯತ್ನಗಳನ್ನು ಪ್ರೋತ್ಸಾಹಿಸುವುದೂ ಅವುಗಳಲ್ಲಿ ಒಂದು. ಆದರೆ ಸಂಸ್ಥೆಗಳೊಡನೆ ಎಷ್ಟು ಸಲ ಸಮಾಲೋಚಿಸಬೇಕು, ಅವುಗಳ ಮಾತಿಗೆ ಯಾವ ತೂಕ ಕೊಡಬೇಕು ಎಂಬುದನ್ನು ಕಾಯ್ದೆ ಹೇಳುವುದಿಲ್ಲ. ವ್ಯವಹಾರದಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿರುವುದು ಅದೇ ಸೆಕ್ಷನ್ನಿನ ಮೊದಲ ಭಾಗ. ಅದರ ಪ್ರಕಾರ ಆಯೋಗವು ಸ್ವಯಂಪ್ರೇರಣೆಯಿಂದ ವಿಚಾರಣೆ ಕೈಗೊಳ್ಳಬಹುದು. ನೊಂದ ವ್ಯಕ್ತಿಯ ಅಥವಾ ಅವರ ಪರವಾಗಿ ಬೇರೆ ಯಾರಾದರೂ ಸಲ್ಲಿಸಿದ ಅರ್ಜಿಯನ್ನೂ ಸ್ವೀಕರಿಸಬಹುದು. 'ಬೇರೆ ಯಾರಾದರೂ' ಎಂಬ ಈ ಅವಕಾಶವೇ ಸಂಘಟನೆಗಳಿಗೆ ಬಾಗಿಲು ತೆರೆಯಿತು. ಓದುಬರಹ ಬಾರದವರು, ಬಂಧನದಲ್ಲಿರುವವರು, ಪೊಲೀಸರಿಗೆ ಅಂಜಿ ಊರು ಬಿಟ್ಟವರು ತಾವೇ ದೂರು ಬರೆದುಕೊಂಡು ಬರಲಾರರು.

ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ ವಿಷಯದಲ್ಲಿ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ವಿಚಾರಣೆಯ ಕೊನೆಯಲ್ಲಿ ಮಾತ್ರ ಅದು ಶಿಕ್ಷೆ ವಿಧಿಸಲಾರದು. ಪರಿಹಾರ ನೀಡಿ, ಮೊಕದ್ದಮೆ ಹೂಡಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡಬಹುದು, ಅಥವಾ ಉಚ್ಚ ಹಾಗೂ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಗಬಹುದು. ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ವಿಚಾರಣೆ ಕೈಗೊಳ್ಳುವಂತಿಲ್ಲ ಎಂದು 36ನೆಯ ಸೆಕ್ಷನ್ ಹೇಳುತ್ತದೆ. ಸಶಸ್ತ್ರ ಪಡೆಗಳ ವಿರುದ್ಧದ ದೂರುಗಳಲ್ಲಿ 19ನೆಯ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡುವುದಷ್ಟೇ ಸಾಧ್ಯ.

ಪ್ಯಾರಿಸ್ ತತ್ವಗಳು

1991ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಸಭೆಯೊಂದರಲ್ಲಿ ರಾಷ್ಟ್ರೀಯ ಮಾನವ ಹಕ್ಕು ಸಂಸ್ಥೆಗಳು ಹೇಗಿರಬೇಕೆಂಬ ಕನಿಷ್ಠ ಮಾನದಂಡಗಳನ್ನು ರೂಪಿಸಲಾಯಿತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1993ರ ಡಿಸೆಂಬರ್ 20ರಂದು ಅವುಗಳನ್ನು ಅಂಗೀಕರಿಸಿತು. ಇವು 'ಪ್ಯಾರಿಸ್ ತತ್ವಗಳು' ಎಂದು ಹೆಸರಾಗಿವೆ. ಸರ್ಕಾರದಿಂದ ಸ್ವಾತಂತ್ರ್ಯ, ಸದಸ್ಯತ್ವದಲ್ಲಿ ಸಮಾಜದ ವೈವಿಧ್ಯ, ಸರ್ಕಾರೇತರ ಸಂಸ್ಥೆಗಳೊಡನೆ ನಿರಂತರ ಸಂಬಂಧ ಇವುಗಳನ್ನು ಆ ತತ್ವಗಳು ಅಪೇಕ್ಷಿಸುತ್ತವೆ. ಭಾರತದ ಕಾಯ್ದೆಯಲ್ಲಿರುವ 'ಪ್ರೋತ್ಸಾಹ'ಕ್ಕಿಂತ ಇದು ಗಟ್ಟಿಯಾದ ನಿರೀಕ್ಷೆ. ಆಯೋಗ ಮತ್ತು ಸಂಘಟನೆಗಳ ನಡುವಿನ ಮುಂದಿನ ವಾದವಿವಾದಗಳಲ್ಲಿ ಹಲವಕ್ಕೆ ಮೂಲ ಈ ವ್ಯತ್ಯಾಸದಲ್ಲಿದೆ.

ಆರಂಭದ ಪ್ರಕರಣಗಳು

ಕಪ್ತಾಯಿ ಜಲವಿದ್ಯುತ್ ಯೋಜನೆಯಿಂದ 1964ರಲ್ಲಿ ನೆಲೆ ಕಳೆದುಕೊಂಡು ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಚಕ್ಮಾ ಜನರಲ್ಲಿ ಹಲವರಿಗೆ ಇಂದಿನ ಅರುಣಾಚಲ ಪ್ರದೇಶದಲ್ಲಿ ನೆಲೆ ಕಲ್ಪಿಸಲಾಗಿತ್ತು. 1990ರ ದಶಕದಲ್ಲಿ ಅವರನ್ನು ರಾಜ್ಯದಿಂದ ಹೊರಹಾಕುವ ಬೆದರಿಕೆ ತೀವ್ರವಾಯಿತು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್, ಸಂಕ್ಷೇಪದಲ್ಲಿ ಪಿಯುಸಿಎಲ್, ಈ ವಿಷಯವನ್ನು 1994ರಲ್ಲಿ ಆಯೋಗದ ಗಮನಕ್ಕೆ ತಂದಿತು. ಚಕ್ಮಾ ಜನರ ಪೌರತ್ವ ಹಕ್ಕುಗಳ ಸಮಿತಿಯೂ ದೂರು ಸಲ್ಲಿಸಿತು. ರಾಜ್ಯ ಸರ್ಕಾರದ ಉತ್ತರ ತೃಪ್ತಿಕರವಾಗಿರದ ಕಾರಣ ಆಯೋಗವು ತಾನೇ ಅರ್ಜಿದಾರನಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1996ರ ಜನವರಿ 9ರ ತೀರ್ಪಿನಲ್ಲಿ ನ್ಯಾಯಾಲಯವು ಸುಮಾರು 65,000 ಚಕ್ಮಾ ಮತ್ತು ಹಜೋಂಗ್ ಜನರ ಜೀವ ಹಾಗೂ ಸ್ವಾತಂತ್ರ್ಯವನ್ನು ರಕ್ಷಿಸುವುದು ರಾಜ್ಯದ ಹೊಣೆಯೆಂದು ಸಾರಿತು. ಸಂವಿಧಾನದ 21ನೆಯ ವಿಧಿಯ ರಕ್ಷಣೆ ಪೌರರಲ್ಲದವರಿಗೂ ಉಂಟೆಂದು ಹೇಳಿತು. ಸಂಘಟನೆಯ ದೂರು, ಆಯೋಗದ ಅಧಿಕಾರ, ನ್ಯಾಯಾಲಯದ ಆದೇಶ ಎಂಬ ಈ ಮೂರು ಮೆಟ್ಟಿಲುಗಳ ಕ್ರಮ ಮುಂದಿನ ಪ್ರಕರಣಗಳಲ್ಲೂ ಕಂಡುಬರುತ್ತದೆ.

ಪೊಲೀಸ್ ಎನ್‌ಕೌಂಟರ್‌ಗಳಲ್ಲಿ ಸಂಭವಿಸುವ ಸಾವುಗಳ ಕುರಿತು ಆಂಧ್ರಪ್ರದೇಶ ಪೌರಹಕ್ಕುಗಳ ಸಂಘವು ದೂರು ಕೊಟ್ಟಾಗ, ಅಂಥ ಪ್ರತಿಯೊಂದು ಸಾವನ್ನೂ ಠಾಣೆಯಲ್ಲಿ ದಾಖಲಿಸಬೇಕು, ಘಟನೆಯಲ್ಲಿ ಭಾಗಿಯಾದ ಠಾಣೆಯ ಪೊಲೀಸರಿಂದಲೇ ತನಿಖೆ ಮಾಡಿಸಬಾರದು ಎಂದು ಆಯೋಗ 1996ರ ನವೆಂಬರ್‌ನಲ್ಲಿ ಹೇಳಿತು. 1997ರ ಮಾರ್ಚ್‌ನಲ್ಲಿ ಅಂದಿನ ಅಧ್ಯಕ್ಷ, ಕನ್ನಡಿಗರಾದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು ಇದನ್ನು ಮಾರ್ಗಸೂಚಿಯಾಗಿ ಎಲ್ಲ ಮುಖ್ಯಮಂತ್ರಿಗಳಿಗೆ ಕಳುಹಿಸಿದರು. ಒಂದು ರಾಜ್ಯದ ಸಂಘಟನೆಯ ದೂರು ಇಡೀ ದೇಶಕ್ಕೆ ಅನ್ವಯಿಸುವ ನಿಯಮಕ್ಕೆ ಕಾರಣವಾದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಇದೇ ವಿಷಯದಲ್ಲಿ ಪಿಯುಸಿಎಲ್ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ 16 ಅಂಶಗಳ ನಿರ್ದೇಶನ ನೀಡಿತು.

2002ರ ಗುಜರಾತ್ ಹಿಂಸಾಚಾರದ ಬೆಸ್ಟ್ ಬೇಕರಿ ಪ್ರಕರಣದಲ್ಲಿ ಎಲ್ಲ ಆರೋಪಿಗಳೂ ಖುಲಾಸೆಯಾದಾಗ ಆಯೋಗವು 2003ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಸಿಟಿಜನ್ಸ್ ಫಾರ್ ಜಸ್ಟಿಸ್ ಅಂಡ್ ಪೀಸ್ ಸಂಘಟನೆ ಮತ್ತು ಸಾಕ್ಷಿಯೊಬ್ಬರೂ ಪ್ರತ್ಯೇಕವಾಗಿ ಕಾನೂನು ಹೋರಾಟ ನಡೆಸಿದ್ದರು. 2004ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಮರುವಿಚಾರಣೆಯನ್ನು ಮಹಾರಾಷ್ಟ್ರಕ್ಕೆ ವರ್ಗಾಯಿಸಿತು.

ಪಂಜಾಬ್‌ನ ಸಾಮೂಹಿಕ ಶವದಹನ ಪ್ರಕರಣ

ಮಾನವ ಹಕ್ಕು ಕಾರ್ಯಕರ್ತ ಜಸವಂತ್ ಸಿಂಗ್ ಖಾಲ್ರಾ ಅಮೃತಸರ ಜಿಲ್ಲೆಯ ಸ್ಮಶಾನಗಳ ದಾಖಲೆಪುಸ್ತಕಗಳನ್ನು ಪರಿಶೀಲಿಸಿ, ಪೊಲೀಸರು ದೊಡ್ಡ ಸಂಖ್ಯೆಯ ಶವಗಳನ್ನು 'ಗುರುತು ಸಿಗದವು' ಎಂದು ತೋರಿಸಿ ಸುಟ್ಟಿದ್ದಾರೆಂಬ ಸಂಗತಿಯನ್ನು ಬಯಲಿಗೆ ತಂದರು. 1995ರ ಸೆಪ್ಟೆಂಬರ್ 6ರಂದು ಅವರನ್ನೇ ಅಪಹರಿಸಲಾಯಿತು. ಅವರು ಮರಳಿ ಬರಲಿಲ್ಲ. ಅವರ ಹತ್ಯೆಗೆ ಸಂಬಂಧಿಸಿ ಪೊಲೀಸರಿಗೆ ಮುಂದೆ ಶಿಕ್ಷೆಯಾಯಿತು. ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ ತನಿಖೆ ನಡೆಸಿದ ಸಿಬಿಐ, ಮೂರು ಸ್ಮಶಾನಗಳಲ್ಲಿ ಇಂಥ 2,097 ಶವದಹನಗಳು ನಡೆದಿದ್ದವೆಂದು ಕಂಡುಕೊಂಡಿತು. 1996ರ ಡಿಸೆಂಬರ್‌ನಲ್ಲಿ ನ್ಯಾಯಾಲಯವು ಪ್ರಕರಣವನ್ನು ಆಯೋಗಕ್ಕೆ ಒಪ್ಪಿಸಿತು. ಆಯೋಗ ಇಲ್ಲಿ ನ್ಯಾಯಾಲಯದ ಆದೇಶದಂತೆ ಕೆಲಸ ಮಾಡುತ್ತಿರುವುದರಿಂದ ಒಂದು ವರ್ಷದ ಕಾಲಮಿತಿ ಅಡ್ಡಬರುವುದಿಲ್ಲವೆಂದು 1998ರಲ್ಲಿ ಸ್ಪಷ್ಟಪಡಿಸಿತು.

ಆಯೋಗ ಮತ್ತು ಸಂಘಟನೆಗಳ ದಾರಿ ಇಲ್ಲಿ ಬೇರೆಯಾಯಿತು. ಇಡೀ ಪಂಜಾಬ್‌ನಲ್ಲಿ ಕಾಣೆಯಾದವರ ವಿಚಾರಣೆ ನಡೆಯಬೇಕು, ಯಾರು ಕೊಂದರು ಎಂಬುದು ತಿಳಿಯಬೇಕು ಎಂಬುದು ಸಂಘಟನೆಗಳ ಬೇಡಿಕೆ. ಆಯೋಗವು ತನ್ನ ವಿಚಾರಣೆಯನ್ನು ಆ ಮೂರು ಸ್ಮಶಾನಗಳಿಗೆ ಸೀಮಿತಗೊಳಿಸಿ, ಮೃತರ ಗುರುತು ಪತ್ತೆ ಮತ್ತು ಪರಿಹಾರಕ್ಕೆ ಒತ್ತು ಕೊಟ್ಟಿತು. ಪೊಲೀಸ್ ವಶದಲ್ಲಿದ್ದಾಗ ಸತ್ತವರೆಂದು ಒಪ್ಪಿಕೊಳ್ಳಲಾದವರ ಕುಟುಂಬಗಳಿಗೆ ತಲಾ 2.5 ಲಕ್ಷ ರೂಪಾಯಿ, ಗುರುತು ಸಿಕ್ಕ ಉಳಿದವರ ಕುಟುಂಬಗಳಿಗೆ ತಲಾ 1.75 ಲಕ್ಷ ರೂಪಾಯಿ ನೀಡುವಂತೆ ಅದು ಸೂಚಿಸಿತು. ದಾಖಲೆ ಒದಗಿಸಿದವರೇ ಕೊನೆಗೆ ಆಯೋಗದ ಕಟುವಾದ ಟೀಕಾಕಾರರಾದರು.

ಮಲೆ ಮಹದೇಶ್ವರ ಬೆಟ್ಟ ಮತ್ತು ಸದಾಶಿವ ಸಮಿತಿ

ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಪ್ರಮುಖ ಪ್ರಕರಣ ವೀರಪ್ಪನ್ ಬೇಟೆಯ ಕಾಲದ್ದು. ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯಲು ಕರ್ನಾಟಕ ಮತ್ತು ತಮಿಳುನಾಡು ಸರ್ಕಾರಗಳು ನಿಯೋಜಿಸಿದ್ದ ವಿಶೇಷ ಕಾರ್ಯಪಡೆಗಳು 1993ರಿಂದ ಜಂಟಿ ಕಾರ್ಯಾಚರಣೆ ನಡೆಸಿದವು. ಗಡಿಭಾಗದ ಕಾಡಂಚಿನ ಹಳ್ಳಿಗಳಲ್ಲಿ, ವೀರಪ್ಪನ್‌ಗೆ ನೆರವಾದರೆಂಬ ಸಂಶಯದ ಮೇಲೆ, ಸೋಲಿಗರು ಸೇರಿದಂತೆ ಅನೇಕ ಬಡವರನ್ನು ಹಿಡಿದೊಯ್ಯಲಾಯಿತು. ಮಲೆ ಮಹದೇಶ್ವರ ಬೆಟ್ಟದಲ್ಲಿದ್ದ ಕಾರ್ಯಪಡೆಯ ಶಿಬಿರದ ಒಂದು ಭಾಗಕ್ಕೆ 'ವರ್ಕ್‌ಶಾಪ್' ಎಂಬ ಹೆಸರು ಬಿದ್ದಿತ್ತು. ಅಲ್ಲಿ ವಿದ್ಯುತ್ ಆಘಾತ ಸೇರಿದಂತೆ ಚಿತ್ರಹಿಂಸೆ ನೀಡಲಾಗುತ್ತಿತ್ತೆಂಬುದು ಹಿಂದಿರುಗಿ ಬಂದವರ ಹೇಳಿಕೆ. ನೂರಕ್ಕೂ ಹೆಚ್ಚು ಮಂದಿಯನ್ನು ಟಾಡಾ ಕಾಯ್ದೆಯಡಿ ಮೈಸೂರಿನಲ್ಲಿ ವಿಚಾರಣೆಗೆ ಗುರಿಪಡಿಸಲಾಯಿತು. ವರ್ಷಗಟ್ಟಲೆ ಸೆರೆಯಲ್ಲಿದ್ದ ಅವರಲ್ಲಿ ಬಹುತೇಕರನ್ನು ವಿಶೇಷ ನ್ಯಾಯಾಲಯವು 2001ರಲ್ಲಿ ಬಿಡುಗಡೆ ಮಾಡಿತು.

ಎರಡೂ ರಾಜ್ಯಗಳ ಮಾನವ ಹಕ್ಕು ಸಂಘಟನೆಗಳು ಮತ್ತು ಆದಿವಾಸಿ ಸಂಘಗಳು ಸಂತ್ರಸ್ತರ ಹೇಳಿಕೆಗಳನ್ನು ಸಂಗ್ರಹಿಸಿ ಆಯೋಗಕ್ಕೆ ದೂರು ಸಲ್ಲಿಸಿದವು. ಆಯೋಗವು 1999ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅದರ ಇನ್ನೊಬ್ಬ ಸದಸ್ಯರಾಗಿದ್ದರು. ಸಮಿತಿ ದೆಹಲಿಯಲ್ಲಿ ಕುಳಿತಿರಲಿಲ್ಲ. ಸಂತ್ರಸ್ತರ ಪ್ರದೇಶಗಳಿಗೇ ಬಂದು ಸಾಕ್ಷ್ಯ ದಾಖಲಿಸಿಕೊಂಡಿತು. ಕಾರ್ಯಪಡೆ ಇನ್ನೂ ಅದೇ ಕಾಡಿನಲ್ಲಿದ್ದ ಕಾಲದಲ್ಲಿ ಅದರ ವಿರುದ್ಧ ಸಾಕ್ಷಿ ಹೇಳುವುದು ಹಳ್ಳಿಗರಿಗೆ ಸುಲಭದ ಮಾತಾಗಿರಲಿಲ್ಲ. ಅವರನ್ನು ಸಮಿತಿಯ ಮುಂದೆ ಕರೆತಂದು, ನಡೆದದ್ದನ್ನು ಹೇಳುವ ಧೈರ್ಯ ತುಂಬಿದ್ದರಲ್ಲಿ ಸಂಘಟನೆಗಳ ಪಾತ್ರ ದೊಡ್ಡದು. ನ್ಯಾಯಾಲಯದ ತಡೆಯಾಜ್ಞೆಯಿಂದ ವಿಚಾರಣೆ ನಡುವೆ ನಿಂತಿತ್ತು. ವರದಿ ಸಲ್ಲಿಕೆಯಾದದ್ದು 2003ರ ಡಿಸೆಂಬರ್‌ನಲ್ಲಿ.

ಆ ವರದಿಯ ಆಧಾರದ ಮೇಲೆ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ನೀಡುವಂತೆ ಆಯೋಗ ಶಿಫಾರಸು ಮಾಡಿದ್ದು 2007ರ ಜನವರಿಯಲ್ಲಿ. ಅಷ್ಟರಲ್ಲಿ ವೀರಪ್ಪನ್ ಸತ್ತು ಎರಡು ವರ್ಷಗಳು ಕಳೆದಿದ್ದವು; ಕಾರ್ಯಪಡೆಯ ಸಿಬ್ಬಂದಿಗೆ ನಗದು, ನಿವೇಶನ, ಬಡ್ತಿಗಳ ರೂಪದ ಬಹುಮಾನಗಳು ಘೋಷಣೆಯಾಗಿದ್ದವು. ಪರಿಹಾರದ ಪಟ್ಟಿಯಲ್ಲಿ ಹೆಸರಿಲ್ಲದ ಸಂತ್ರಸ್ತರಿಗೂ ನೆರವು ದೊರೆಯಬೇಕು, ತಪ್ಪಿತಸ್ಥ ಸಿಬ್ಬಂದಿಯ ಮೇಲೆ ಮೊಕದ್ದಮೆ ಹೂಡಬೇಕು ಎಂಬ ಬೇಡಿಕೆಯನ್ನು ಸಂಘಟನೆಗಳು ಆಮೇಲೂ ಮುಂದಿಡುತ್ತ ಬಂದವು. ದೂರನ್ನು ತಲುಪಿಸುವುದರೊಂದಿಗೆ ನಾಗರಿಕ ಸಮಾಜದ ಕೆಲಸ ಮುಗಿಯುವುದಿಲ್ಲವೆಂಬುದನ್ನು ಈ ಪ್ರಕರಣ ತೋರಿಸುತ್ತದೆ. ಶಿಫಾರಸು ಜಾರಿಯಾಗುವಂತೆ ವರ್ಷಾನುಗಟ್ಟಲೆ ಬೆನ್ನುಹತ್ತುವ ಹೊಣೆಯೂ ಅದರ ಮೇಲೆಯೇ ಬೀಳುತ್ತದೆ.

ಔಪಚಾರಿಕ ಸಂಪರ್ಕ ವ್ಯವಸ್ಥೆ

ಸಂಘಟನೆಗಳೊಡನೆ ಸಮಾಲೋಚಿಸಲು ಆಯೋಗವು ಸರ್ಕಾರೇತರ ಸಂಸ್ಥೆಗಳ ಕೋರ್ ಗ್ರೂಪ್ ಒಂದನ್ನು ರಚಿಸಿಕೊಂಡಿದೆ. ಆಹಾರದ ಹಕ್ಕು, ಆರೋಗ್ಯ, ಅಂಗವೈಕಲ್ಯ ಮೊದಲಾದ ವಿಷಯಗಳಿಗೂ ತಜ್ಞರ ಗುಂಪುಗಳಿವೆ. ಬೆದರಿಕೆಗೆ ಒಳಗಾದ ಮಾನವ ಹಕ್ಕು ಕಾರ್ಯಕರ್ತರ ದೂರುಗಳನ್ನು ನೋಡಿಕೊಳ್ಳಲು ಪ್ರತ್ಯೇಕ ಅಧಿಕಾರಿಯಿದ್ದಾರೆ. ಆಯೋಗದ ವಿಶೇಷ ವರದಿಗಾರರು ರಾಜ್ಯಗಳಿಗೆ ಭೇಟಿ ನೀಡುತ್ತಾರೆ. 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀತಪದ್ಧತಿ ನಿರ್ಮೂಲನೆಯ ಮೇಲ್ವಿಚಾರಣೆಯನ್ನು ಆಯೋಗಕ್ಕೆ ವಹಿಸಿದ ಮೇಲೆ, ಜೀತಗಾರರನ್ನು ಗುರುತಿಸುವ ಸಂಘಟನೆಗಳೊಡನೆ ಸಂಪರ್ಕ ಅನಿವಾರ್ಯವೂ ಆಯಿತು.

2016ರಲ್ಲಿ ತಮಿಳುನಾಡಿನ ಮಾನವ ಹಕ್ಕು ಸಂಸ್ಥೆಯೊಂದರ ವಿದೇಶಿ ದೇಣಿಗೆ ಪರವಾನಗಿಯನ್ನು ಕೇಂದ್ರ ಗೃಹ ಸಚಿವಾಲಯ ನವೀಕರಿಸದಿದ್ದಾಗ, ಆ ಕ್ರಮ ಮೇಲ್ನೋಟಕ್ಕೆ ಕಾನೂನುಬದ್ಧವಾಗಿ ಕಾಣುವುದಿಲ್ಲವೆಂದು ಆಯೋಗ ಸಚಿವಾಲಯದಿಂದ ಉತ್ತರ ಕೇಳಿತ್ತು.

ಟೀಕೆ ಮತ್ತು ಮಾನ್ಯತೆಯ ಪ್ರಶ್ನೆ

ಆಯೋಗದ ಅಧಿಕಾರದ ಮಿತಿ ಮೊದಲಿನಿಂದಲೂ ಚರ್ಚೆಯಲ್ಲಿದೆ. ಮಣಿಪುರದಲ್ಲಿ ಭದ್ರತಾ ಪಡೆಗಳಿಂದ ಹತರಾದರೆನ್ನಲಾದವರ ಕುಟುಂಬಗಳ ಸಂಘವು 1,528 ಸಾವುಗಳ ಪಟ್ಟಿಯೊಂದಿಗೆ 2012ರಲ್ಲಿ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಆ ಮೊಕದ್ದಮೆಯಲ್ಲಿ ಆಯೋಗವೇ ತಾನು ಹಲ್ಲಿಲ್ಲದ ಹುಲಿಯಂತಾಗಿರುವುದಾಗಿ ನ್ಯಾಯಾಲಯದ ಮುಂದೆ ಹೇಳಿಕೊಂಡಿತು.

ರಾಷ್ಟ್ರೀಯ ಮಾನವ ಹಕ್ಕು ಸಂಸ್ಥೆಗಳ ಜಾಗತಿಕ ಒಕ್ಕೂಟವು ಪ್ಯಾರಿಸ್ ತತ್ವಗಳ ಆಧಾರದ ಮೇಲೆ ಪ್ರತಿ ದೇಶದ ಆಯೋಗವನ್ನು ಕಾಲಕಾಲಕ್ಕೆ ಪರಿಶೀಲಿಸಿ 'ಎ' ಅಥವಾ 'ಬಿ' ದರ್ಜೆ ನೀಡುತ್ತದೆ. ಭಾರತದ ಆಯೋಗಕ್ಕೆ 1999ರಲ್ಲಿ 'ಎ' ದರ್ಜೆ ದೊರೆಯಿತು. ಈ ಪರಿಶೀಲನೆಗೆ ದೇಶದ ಸಂಘಟನೆಗಳೂ ತಮ್ಮ ಪರ್ಯಾಯ ವರದಿ ಸಲ್ಲಿಸಬಹುದು; ಭಾರತದ ಸಂಘಟನೆಗಳು ಜಾಲ ಕಟ್ಟಿಕೊಂಡು ಆ ಕೆಲಸ ಮಾಡಿವೆ. 2016ರಲ್ಲಿ ಮಾನ್ಯತೆಯ ನಿರ್ಧಾರ ಮುಂದೂಡಲ್ಪಟ್ಟು ಮರುವರ್ಷ ನವೀಕರಣವಾಯಿತು. 2023 ಮತ್ತು 2024ರಲ್ಲಿ ಮತ್ತೆ ಮುಂದೂಡಲಾಯಿತು. ತನಿಖೆಗೆ ಪೊಲೀಸ್ ಅಧಿಕಾರಿಗಳನ್ನೇ ಬಳಸುವುದು, ಸದಸ್ಯತ್ವದಲ್ಲಿ ವೈವಿಧ್ಯದ ಕೊರತೆ, ನಾಗರಿಕ ಸಮಾಜದೊಡನೆ ಸಾಕಷ್ಟು ಸಹಕಾರವಿಲ್ಲದಿರುವುದು ಪರಿಶೀಲನಾ ಸಮಿತಿ ಎತ್ತಿದ ಆಕ್ಷೇಪಗಳಲ್ಲಿ ಸೇರಿದ್ದವು. 2019ರ ತಿದ್ದುಪಡಿಯು ಮಾನವ ಹಕ್ಕುಗಳ ಅನುಭವವುಳ್ಳ ಸದಸ್ಯರ ಸಂಖ್ಯೆಯನ್ನು ಎರಡರಿಂದ ಮೂರಕ್ಕೆ ಏರಿಸಿ, ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕೆಂದು ವಿಧಿಸಿತು. ಅದೇ ತಿದ್ದುಪಡಿ ಅಧಿಕಾರಾವಧಿಯನ್ನು ಐದು ವರ್ಷದಿಂದ ಮೂರಕ್ಕೆ ಇಳಿಸಿ, ಮರುನೇಮಕಕ್ಕೆ ಅವಕಾಶ ಉಳಿಸಿಕೊಂಡದ್ದು ಆಯೋಗದ ಸ್ವಾತಂತ್ರ್ಯವನ್ನು ಕುಗ್ಗಿಸುತ್ತದೆಂಬ ಟೀಕೆಗೆ ಒಳಗಾಯಿತು.

ದೂರು ಸಲ್ಲಿಸುವ ಕ್ರಮ

ದೂರಿಗೆ ಯಾವುದೇ ಶುಲ್ಕವಿಲ್ಲ. ಇಂಗ್ಲಿಷ್, ಹಿಂದಿ ಅಲ್ಲದೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಬರೆಯಬಹುದಾದ್ದರಿಂದ ಕನ್ನಡದಲ್ಲೂ ಸಲ್ಲಿಸಬಹುದು. ಅಂಚೆಯ ಮೂಲಕ ಅಥವಾ ಆಯೋಗದ ಜಾಲತಾಣದ ಮೂಲಕ ಕಳುಹಿಸಬಹುದು. ಹೆಸರಿಲ್ಲದ ಅಥವಾ ಅಸ್ಪಷ್ಟವಾದ ದೂರುಗಳು, ನ್ಯಾಯಾಲಯದಲ್ಲಿ ವಿಚಾರಣೆಗೆ ಬಾಕಿಯಿರುವ ವಿಷಯಗಳು, ಸರ್ಕಾರಿ ನೌಕರರ ಸೇವಾ ವಿವಾದಗಳು ಸಾಮಾನ್ಯವಾಗಿ ಸ್ವೀಕಾರವಾಗುವುದಿಲ್ಲ. ಸಂಘಟನೆಯೊಂದು ಬೇರೆಯವರ ಪರವಾಗಿ ದೂರು ನೀಡುವಾಗ ನೊಂದವರ ಹೆಸರು, ಘಟನೆಯ ದಿನಾಂಕ, ಸ್ಥಳ, ಸಂಬಂಧಪಟ್ಟ ಅಧಿಕಾರಿ ಅಥವಾ ಇಲಾಖೆಯ ವಿವರಗಳನ್ನು ಸ್ಪಷ್ಟವಾಗಿ ಬರೆಯುವುದು ಅಗತ್ಯ. ವಿಚಾರಣಾ ವರದಿಯ ಪ್ರತಿಯನ್ನು ಅರ್ಜಿದಾರರಿಗೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಒಂದೇ ವಿಷಯ ರಾಜ್ಯ ಆಯೋಗದ ಮುಂದೆ ಬಾಕಿಯಿದ್ದರೆ ರಾಷ್ಟ್ರೀಯ ಆಯೋಗ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಬೆಂಗಳೂರಿನಲ್ಲಿ 2007ರಿಂದ ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ ಕಾರ್ಯನಿರ್ವಹಿಸುತ್ತಿರುವುದರಿಂದ, ಈ ಎರಡರಲ್ಲಿ ಯಾವುದಕ್ಕೆ ಹೋಗಬೇಕೆಂಬುದನ್ನು ದೂರುದಾರರು ಮೊದಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ.