ಯಾವ ಊರಿಗೆ ಯಾವ ಅಂತರ್ಜಾಲ

1997ರಲ್ಲಿ ದಾವಣಗೆರೆ ಜಿಲ್ಲೆಯು ರೂಪುಗೊಂಡಾಗ ಶಿವಮೊಗ್ಗೆಯ ಕಡೆಯಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದ ಕಡೆಯಿಂದ ಜಗಳೂರೂ ಬಂದು ಒಂದೇ ಆಡಳಿತಕ್ಕೆ ಸೇರಿದುವು. ಮುಂದೆ ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿಯೂ ಸ್ವತಂತ್ರ ತಾಲ್ಲೂಕಾಯಿತು. ನಕಾಶೆಯಲ್ಲಿ ಹೀಗೆ ಒಂದುಗೂಡಿದ ಈ ನಾಲ್ಕು ತಾಲ್ಲೂಕುಗಳು ನೆಲದ ಗುಣದಲ್ಲಿ ಒಂದನ್ನೊಂದು ಹೋಲವು. ಅಡಕೆ ತೋಟಗಳ ದಟ್ಟ ನೆರಳು, ಸೂಳೆಕೆರೆಯ ವಿಶಾಲವಾದ ಜಲರಾಶಿ, ಉಬ್ರಾಣಿಯ ಕಾಡುಗುಡ್ಡಗಳು ಚನ್ನಗಿರಿಯವು. ತುಂಗಭದ್ರೆಯ ದಂಡೆಯ ಬತ್ತದ ಗದ್ದೆಗಳು ಹೊನ್ನಾಳಿಯವು. ತೀರ್ಥರಾಮೇಶ್ವರದ ಬೆಟ್ಟ ನ್ಯಾಮತಿಯದು. ಮಳೆಗಾಗಿ ಮುಗಿಲು ನೋಡುತ್ತ ಬಯಲಿನಲ್ಲಿ ದೂರ ದೂರ ಚೆದುರಿಕೊಂಡ ಹಳ್ಳಿಗಳು ಜಗಳೂರಿನವು. ಮನೆಗೆ ಎಂತಹ ಅಂತರ್ಜಾಲ ಸಂಪರ್ಕವನ್ನು ಹಾಕಿಸಿಕೊಳ್ಳಬೇಕೆಂದು ಯೋಚಿಸುವವರು ಜಾಹೀರಾತಿನಲ್ಲಿ ಅಚ್ಚಾದ ವೇಗದ ಅಂಕಿಯನ್ನು ನೋಡುವುದಕ್ಕೆ ಮುನ್ನ ತಮ್ಮ ಊರಿನ ಈ ನೆಲವನ್ನು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಹಣಿಯ ಪ್ರತಿ, ಬ್ಯಾಂಕಿನ ವ್ಯವಹಾರ, ಮಗಳ ಕಾಲೇಜಿನ ಅರ್ಜಿ, ಅಂದಿನ ಅಡಕೆಯ ಧಾರಣೆ ಇವೆಲ್ಲವೂ ಈಗ ಅಂತರ್ಜಾಲದ ಮೂಲಕವೇ ಬರುತ್ತಿರುವುದರಿಂದ ಈ ಆಯ್ಕೆಯನ್ನು ಬರಿಯ ವಿನೋದದ ವಿಷಯವೆಂದು ಭಾವಿಸಲಾಗದು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಫೋನಿನಲ್ಲಿ ನಡೆದ ಕಾಲದಲ್ಲಿ, ಸಿಗ್ನಲ್ ಸಿಗುವ ದಿಬ್ಬವನ್ನು ಹುಡುಕಿಕೊಂಡು ಪುಸ್ತಕ ಸಮೇತ ಹೊರಟ ಮಕ್ಕಳನ್ನು ನಮ್ಮ ಮಲೆನಾಡು ಕಣ್ಣಾರೆ ಕಂಡಿದೆ.

ನಮ್ಮಲ್ಲಿ ಬಹುಜನರಿಗೆ ಮೊದಲು ದೊರೆತ ಅಂತರ್ಜಾಲವು ಮೊಬೈಲಿನದೇ. ಟವರಿನಿಂದ ಹೊರಟ ಅಲೆಗಳೆಲ್ಲ ಒಂದೇ ಬಗೆಯವಲ್ಲ. 700 ಮೆಗಾಹರ್ಟ್ಸ್‌ನಂತಹ ಕೆಳಗಿನ ಆವರ್ತನದ ಅಲೆಗಳು ಬಹುದೂರ ಸಾಗಿ ಗೋಡೆಗಳನ್ನೂ ತಕ್ಕಮಟ್ಟಿಗೆ ದಾಟುತ್ತವೆ. 5ಜಿ ಸೇವೆಗೆ ಹೆಚ್ಚಾಗಿ ಬಳಕೆಯಾಗುವ, 3,300 ಮೆಗಾಹರ್ಟ್ಸ್‌ಗೆ ಮೇಲ್ಪಟ್ಟ ಅಲೆಗಳು ಅಪಾರ ಮಾಹಿತಿಯನ್ನು ಹೊರಬಲ್ಲವಾದರೂ ಬೇಗನೆ ಕ್ಷೀಣಿಸುತ್ತವೆ. ಎಲೆಗಳಲ್ಲಿರುವ ನೀರು ಈ ಅಲೆಗಳನ್ನು ಹೀರಿಕೊಳ್ಳುವುದರಿಂದ, ಚನ್ನಗಿರಿಯ ಅಡಕೆ ತೋಟದ ನಡುವಣ ಮನೆಗೆ, ಅದರಲ್ಲಿಯೂ ಮಳೆ ಹಿಡಿದು ಗರಿಗಳೆಲ್ಲ ತೊಯ್ದಿರುವ ದಿನಗಳಲ್ಲಿ, ರಸ್ತೆಯ ಅಂಚಿನಲ್ಲಿ ಸಿಗುವಷ್ಟು ಸಿಗ್ನಲ್ ಸಿಗುವುದಿಲ್ಲ. ಜಗಳೂರಿನ ಬಯಲಿನಲ್ಲಿ ಮರದ ಅಡ್ಡಿಯಿಲ್ಲ. ಆದರೆ ದಪ್ಪ ಗೋಡೆಯ ಮಾಳಿಗೆ ಮನೆಯ ಒಳಕೋಣೆಯಲ್ಲಿ ಫೋನು ಮಂಕಾಗುತ್ತದೆ. ಇದರ ಮೇಲೆ ಹಂಚಿಕೆಯ ತೊಂದರೆಯೊಂದಿದೆ. ಒಂದು ಟವರಿನ ಸಾಮರ್ಥ್ಯವನ್ನು ಅದರ ಸುತ್ತಲಿನವರೆಲ್ಲ ಹಂಚಿಕೊಳ್ಳುವುದು ಭದ್ರಾ ನಾಲೆಯ ನೀರನ್ನು ಹಂಚಿಕೊಂಡಂತೆಯೇ ಸರಿ: ಮೇಲಿನವರೆಲ್ಲ ತೂಬು ತೆರೆದ ಹೊತ್ತಿನಲ್ಲಿ ಕೊನೆಭಾಗದ ರೈತನ ಗದ್ದೆಗೆ ನೀರು ಮುಟ್ಟುವುದಿಲ್ಲ. ಆದುದರಿಂದ ಯಾವ ಕಂಪನಿಯ ಸಿಮ್ ತಮ್ಮ ಮನೆಗೆ ಒದಗುತ್ತದೆಂಬುದನ್ನು ಬಸ್ ನಿಲ್ದಾಣದಲ್ಲಿ ನಿಂತು ಮಧ್ಯಾಹ್ನದಲ್ಲಿ ನಿರ್ಣಯಿಸಬಾರದು. ನೆಂಟರದೋ ನೆರೆಯವರದೋ ಫೋನನ್ನು ಕೇಳಿ ಪಡೆದು, ಮಕ್ಕಳು ಓದಲು ಕೂರುವ ಕೋಣೆಯಲ್ಲಿಯೇ, ಊರೆಲ್ಲ ಫೋನು ಹಿಡಿದಿರುವ ರಾತ್ರಿ ಎಂಟು ಗಂಟೆಯ ಹೊತ್ತಿಗೆ ಪರೀಕ್ಷಿಸಬೇಕು. ನಂಬರನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಾಯಿಸುವ ಸೌಕರ್ಯವು 2011ರಿಂದ ದೇಶದಾದ್ಯಂತ ಇರುವುದರಿಂದ, ಹಳೆಯ ನಂಬರಿನ ಮೋಹಕ್ಕೆ ಕಟ್ಟುಬಿದ್ದು ಸಿಗ್ನಲ್ ಇಲ್ಲದ ಸಿಮ್ಮನ್ನು ಪೋಷಿಸಬೇಕಾದ ಅಗತ್ಯವಿಲ್ಲ.

ಮನೆಯಲ್ಲಿ ಸ್ಥಿರವಾದ ಸಂಪರ್ಕ ಬೇಕೆನ್ನುವವರಿಗೆ ಫೈಬರಿಗೆ ಸಮನಾದುದು ಬೇರೊಂದಿಲ್ಲ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಆರಂಭವಾದಾಗ ಅದು ಟೆಲಿಫೋನಿನ ತಾಮ್ರದ ತಂತಿಯಲ್ಲಿಯೇ ಹರಿಯುತ್ತಿತ್ತು. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರು ದಾಟಿತೆಂದರೆ ಅದರ ವೇಗ ಸೊರಗುತ್ತಿತ್ತು. ಫೈಬರಿನಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಕೂದಲೆಳೆಯಷ್ಟು ಸಣ್ಣದಾದ ಗಾಜಿನ ತಂತುವೊಂದು ಆ ಬೆಳಕನ್ನು ಸುಮಾರು 20 ಕಿಲೋಮೀಟರಿನವರೆಗೆ, ದಾರಿಯಲ್ಲಿ ಎಲ್ಲಿಯೂ ವಿದ್ಯುತ್ತಿನ ನೆರವಿಲ್ಲದೆ, ಒಯ್ದು ಹತ್ತಾರು ಮನೆಗಳಿಗೆ ಹಂಚಬಲ್ಲುದು. ತೋಟದ ನೆರಳಾಗಲಿ ಬೆಟ್ಟದ ಮರೆಯಾಗಲಿ ಅದಕ್ಕೆ ಲೆಕ್ಕವಿಲ್ಲ.

ಅದರ ಶತ್ರುಗಳು ಬೇರೆ. ರಸ್ತೆ ಅಗಲಿಸುವ ಜೆಸಿಬಿ, ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲ್ಲಿಗೆ ತಗಲುವ ಹುಲ್ಲು ಹೇರಿದ ಟ್ರ್ಯಾಕ್ಟರು, ಗಾಳಿಗೆ ಮುರಿದು ಬೀಳುವ ತೆಂಗಿನ ಗರಿ ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಇಡೀ ಕೇರಿಯ ಸಂಪರ್ಕ ಕಡಿದುಹೋಗುತ್ತದೆ. ಹರಿದ ತಾಮ್ರದ ತಂತಿಯನ್ನು ಯಾರಾದರೂ ತಿರುಚಿ ಕಟ್ಟಬಹುದಾಗಿತ್ತು. ಹರಿದ ಗಾಜಿನ ಎಳೆಯ ತುದಿಗಳನ್ನಾದರೋ ಯಂತ್ರವೊಂದರಲ್ಲಿಟ್ಟು ಕಾಯಿಸಿ ಬೆಸೆಯಬೇಕು, ಆ ಯಂತ್ರವೂ ಅದನ್ನು ಬಲ್ಲ ಹುಡುಗನೂ ಸಮೀಪದಲ್ಲಿರಬೇಕು. ಈ ಕಾರಣದಿಂದಲೇ ನಾನು ಮನೆಗೆ ಫೈಬರ್ ಹಾಕಿಸುವವರಿಗೆಲ್ಲ ಮೊದಲು ಕೇಳಲು ಹೇಳುವುದು ವೇಗವನ್ನಲ್ಲ, ದುರಸ್ತಿಯನ್ನು. ಲೈನು ಹೋದರೆ ಯಾರಿಗೆ ಫೋನು ಮಾಡಬೇಕು? ಆತನು ಚನ್ನಗಿರಿಯಲ್ಲಿಯೇ, ಹೊನ್ನಾಳಿಯಲ್ಲಿಯೇ ಇರುವನೇ, ಅಥವಾ ದಾವಣಗೆರೆಯಿಂದ ಬರಬೇಕೇ? ಹಿಂದಿನ ಸಾರಿ ಲೈನು ಹೋದಾಗ ಎಷ್ಟು ದಿನಕ್ಕೆ ಸರಿಯಾಯಿತು? ಈ ಪ್ರಶ್ನೆಗಳಿಗೆ ಅದೇ ಬೀದಿಯ ಹಳೆಯ ಗಿರಾಕಿಗಳು ಕೊಡುವ ಉತ್ತರವು ಎಂತಹ ಜಾಹೀರಾತಿಗಿಂತಲೂ ಹೆಚ್ಚು ಬೆಲೆಯುಳ್ಳದ್ದು. ಕೇಬಲ್ ಟಿವಿಯ ಕಾಲದಿಂದ ಊರಿನ ಮನೆಮನೆಯನ್ನೂ ಬಲ್ಲ ಸ್ಥಳೀಯನು ದೊಡ್ಡ ಕಂಪನಿಯ ಫೈಬರನ್ನು ನಡೆಸುತ್ತಿದ್ದರೆ, ತಿಂಗಳಿಗೆ ಐವತ್ತು ರೂಪಾಯಿ ಹೆಚ್ಚಾದರೂ ಅಲ್ಲಿ ಹಾಕಿಸುವುದು ಲೇಸು. ಮನೆಯೊಳಗಿನ ಫೈಬರ್ ಪೆಟ್ಟಿಗೆಗೆ ಕರೆಂಟ್ ಬೇಕೆಂಬುದನ್ನೂ ಮರೆಯಬಾರದು; ಬೆಸ್ಕಾಂ ಕರೆಂಟ್ ಹೋದಾಗಲೂ ಮೂರು ನಾಲ್ಕು ತಾಸು ನಡೆಯುವಂತೆ ರೌಟರಿಗೆಂದೇ ಮಾಡಿದ ಚಿಕ್ಕ ಯುಪಿಎಸ್ ಒಂದನ್ನು ಜೊತೆಗೆ ಕೊಳ್ಳಬೇಕು.

ಫೈಬರ್ ಬಾರದ ಕಡೆ ಏರ್‌ಫೈಬರ್ ಎಂಬ ಸೇವೆ 2023ರಿಂದೀಚೆಗೆ ಬಂದಿದೆ. ತಾರಸಿಯ ಮೇಲಿಟ್ಟ ಪೆಟ್ಟಿಗೆಯೊಂದು 5ಜಿ ಟವರಿನ ಸಂಕೇತವನ್ನು ಹಿಡಿದು ಮನೆಗೆ ವೈಫೈ ಕೊಡುತ್ತದೆ. ಟವರು ಸಮೀಪದಲ್ಲಿದ್ದು ನಡುವೆ ಮರೆಯಿಲ್ಲದಿದ್ದರೆ ಅದು ಚೆನ್ನಾಗಿಯೇ ನಡೆಯುವುದು. ಉಪಗ್ರಹದ ಅಂತರ್ಜಾಲವು ಕಡೆಯ ಉಪಾಯ. ಭೂಸ್ಥಿರ ಉಪಗ್ರಹವು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವುದರಿಂದ ಅದರ ಮೂಲಕ ಆಡಿದ ಪ್ರತಿಯೊಂದು ಮಾತಿಗೂ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡಿನಷ್ಟು ತಡವಾಗುತ್ತದೆ. ಸುಮಾರು 550 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಈ ದೋಷವಿಲ್ಲ. ಆ ಕಂಪನಿಗೆ ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ದೊರೆತದ್ದು 2025ರಲ್ಲಿ. ತೆರೆದ ಆಕಾಶವಿರುವ ಜಗಳೂರಿನ ಒಂಟಿಮನೆಗೆ ಇದು ಹೊಂದಬಹುದು, ಅಡಕೆಮರಗಳ ಕೆಳಗಣ ಮನೆಗೆ ಹೊಂದದು.

ವೇಗದ ಲೆಕ್ಕದಲ್ಲಿ ಅನೇಕರು ಮೋಸಹೋಗುತ್ತಾರೆ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್ ಆದುದರಿಂದ ನಿಜವಾಗಿ ಇಳಿಯುವುದು ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್. ನಾಲ್ಕು ಜನರ ಸಂಸಾರಕ್ಕೆ, ಒಬ್ಬರು ಪಾಠ ಕೇಳುತ್ತ ಇನ್ನೊಬ್ಬರು ಸಿನಿಮಾ ನೋಡುತ್ತಿದ್ದರೂ, 30ರಿಂದ 50 ಎಂಬಿಪಿಎಸ್ ಧಾರಾಳವಾಗಿ ಸಾಕು. ಫೈಬರಿನ ಜಾಹೀರಾತಿನ ದರಕ್ಕೆ ಸಾಮಾನ್ಯವಾಗಿ ಶೇ. 18ರ ಜಿಎಸ್‌ಟಿ ಬೇರೆ ಸೇರುವುದೆಂಬುದು ಗಮನದಲ್ಲಿರಲಿ.

ಪ್ರಯಾಣದ ವಿಚಾರದಲ್ಲಿ ನಿಯಮವು ಸರಳ. ದಾವಣಗೆರೆಯಿಂದ ಹೊನ್ನಾಳಿ, ನ್ಯಾಮತಿಗಳ ಮೇಲೆ ಶಿವಮೊಗ್ಗೆಗೆ ಹೋಗುವ ಬಸ್ಸಿನಲ್ಲಿಯಾಗಲಿ, ಉಬ್ರಾಣಿಯ ಕಾಡಿನ ಮಗ್ಗುಲಿನಲ್ಲಿಯಾಗಲಿ ಒಂದೇ ಕಂಪನಿಯ ಸಿಗ್ನಲ್ ಉದ್ದಕ್ಕೂ ಸಿಗಬೇಕೆಂದು ಬಯಸುವುದು ವ್ಯರ್ಥ. ಫೋನಿನಲ್ಲಿ ಎರಡು ಸಿಮ್ಮಿಗೆ ಜಾಗವಿರುವಾಗ ಎರಡನೆಯದು ಬೇರೆ ಕಂಪನಿಯದಾಗಿರಲಿ. ಬೇಕಾದ ನಕಾಶೆ, ಪಾಠ, ಟಿಕೆಟ್ಟುಗಳನ್ನು ಮನೆಯ ವೈಫೈನಲ್ಲಿಯೇ ಇಳಿಸಿಕೊಂಡು ಹೊರಡುವುದು ಇನ್ನೂ ಉತ್ತಮ. ಲಾಡ್ಜಿನ ಅಥವಾ ನಿಲ್ದಾಣದ ಉಚಿತ ವೈಫೈನಲ್ಲಿ ಹಣದ ವ್ಯವಹಾರ ಮಾಡಬಾರದು. ಅದಕ್ಕೆ ತಮ್ಮದೇ ಸಿಮ್ಮಿನ ಡೇಟಾ ಇರಲಿ.

ಫೈಬರ್ ಇನ್ನೂ ಬಾರದ ಹಳ್ಳಿಗಳವರಿಗೆ ಒಂದು ವಿನಂತಿ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರವು 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಇಂದಿನ ಭಾರತ್‌ನೆಟ್. 2023ರಲ್ಲಿ ಅದಕ್ಕೆ 1,39,579 ಕೋಟಿ ರೂಪಾಯಿಗಳ ಹೊಸ ರೂಪವನ್ನು ಕೊಟ್ಟಾಗ, ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುವಂತೆ ಉಂಗುರದಾಕಾರದಲ್ಲಿ ಫೈಬರ್ ಎಳೆಯುವುದನ್ನೂ, ಪಂಚಾಯಿತಿಯ ಕೇಂದ್ರಕ್ಕೆ ಹೊರತಾದ ಹಳ್ಳಿಗಳು ಬೇಡಿಕೆಯಿಟ್ಟರೆ ಅವಕ್ಕೂ ಸಂಪರ್ಕ ಕೊಡುವುದನ್ನೂ ಸೇರಿಸಲಾಯಿತು. ಬೇಡಿಕೆಯನ್ನು ಯಾರಾದರೂ ಇಡಬೇಕಷ್ಟೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಪಂಚಾಯಿತಿಗೆ ಬಂದ ಫೈಬರು ನಮ್ಮ ಶಾಲೆಗೂ ಕೇರಿಗೂ ಯಾವಾಗ ಬರುವುದೆಂದು ಕೇಳಿರಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಯಿಸಿರಿ.