ಹಾಡಿನ ಹಿಂದಿನ ತಂಬೂರಿ ಕೇಳಿಸುತ್ತಿದೆಯೆ?

1902ರ ನವೆಂಬರ್ ತಿಂಗಳು. ಕಲ್ಕತ್ತೆಯ ಹೋಟೆಲೊಂದರ ಕೋಣೆ. ಅಲ್ಲಿ ಇರಿಸಿದ್ದ ದೊಡ್ಡ ಕಹಳೆಯೊಂದರ ಬಾಯಿಗೆ ಮುಖವೊಡ್ಡಿ ಆ ಕಾಲದ ಹೆಸರಾಂತ ಗಾಯಕಿ ಗೌಹರ್ ಜಾನ್ ಹಾಡುತ್ತಿದ್ದರು. ಲಂಡನ್ನಿನ ಗ್ರಾಮೊಫೋನ್ ಕಂಪನಿಯಿಂದ ಬಂದಿದ್ದ ಫ್ರೆಡ್ ಗೈಸ್‌ಬರ್ಗ್ ಅದನ್ನು ಮುದ್ರಿಸಿಕೊಳ್ಳುತ್ತಿದ್ದರು. ಗಂಟೆಗಟ್ಟಲೆ ಬೆಳೆಸಬಹುದಾದ ರಾಗ ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು. ಹಾಡು ಮುಗಿದೊಡನೆ ಗಾಯಕಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ; ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಬೇಡವೆ?

ಆಗ ದನಿಯನ್ನು ಹಿಗ್ಗಿಸಲು ವಿದ್ಯುತ್ತಿನ ಸಹಾಯವಿರಲಿಲ್ಲ. ಗಂಟಲಿನ ಬಲವೇ ಕಹಳೆಯ ತುದಿಯಲ್ಲಿದ್ದ ತೆಳು ಪೊರೆಯನ್ನು ಅದುರಿಸಬೇಕು. ಪೊರೆಗೆ ಜೋಡಿಸಿದ ಸೂಜಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕು. ಮೆಲ್ಲಗೆ ಹಾಡಿದರೆ ಗೆರೆ ಸರಿಯಾಗಿ ಮೂಡದು. ತಂಬೂರಿಯಂಥ ಮೆಲುದನಿಯ ವಾದ್ಯವನ್ನು ಹಿಡಿದಿಡುವುದಂತೂ ದುಸ್ತರ. ಕಛೇರಿಗಳಲ್ಲೂ ಇದೇ ಪಾಡು. ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುತ್ತಿಲ್ಲವೆಂದು ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದ್ದು ಮೈಕಿಲ್ಲದ ಆ ಕಾಲದಲ್ಲೇ. ಅಂದಿನ ಸಮಸ್ಯೆ ಒಂದೇ: ಸದ್ದು ಸಾಲದು!

ಮೈಕು ಬಂತು, ಪಿಸುದನಿಯೂ ಬಂತು

1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಳಕೆಗೆ ಬಂದಾಗ ಚಿತ್ರವೇ ಬದಲಾಯಿತು. ಮೈಕು ಗಾಳಿಯ ಕಂಪನವನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಆ ಏರಿಳಿತವನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು. ಗಾಯಕರು ಇನ್ನು ಕೂಗಬೇಕಾಗಿರಲಿಲ್ಲ. ಉಸಿರಿನ ಎಳೆ, ತಂತಿಯ ಮೇಲೆ ಬೆರಳು ಜಾರುವ ಸದ್ದು, ಹಾಡಿನ ಹಿಂದಿನ ತಂಬೂರಿ ಎಲ್ಲವೂ ತಟ್ಟೆಯೊಳಗೆ ಬರುವಂತಾಯಿತು.

ಆದರೂ ಎಲ್ಲರೂ ಒಟ್ಟಿಗೇ ಹಾಡಿ ನುಡಿಸಬೇಕಿತ್ತು. ಕನ್ನಡ ಚಿತ್ರಗೀತೆಗಳು ಬಹುಕಾಲ ಮುದ್ರಣಗೊಂಡದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಅಲ್ಲಿ ಒಬ್ಬ ವಾದ್ಯಗಾರ ತಪ್ಪಿದರೂ ಗಾಯಕರಾದಿಯಾಗಿ ಎಲ್ಲರೂ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು. ಈ ಕಷ್ಟ ತಪ್ಪಿಸಿದ್ದು ಒಂದೇ ಟೇಪಿನಲ್ಲಿ ಬೇರೆ ಬೇರೆ ಪಟ್ಟಿಗಳಾಗಿ ದನಿಯನ್ನು ಹಿಡಿಯುವ ಬಹುಪಥ ಮುದ್ರಣ. ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್’ ಸಂಪುಟ ಸಿದ್ಧವಾದದ್ದು ಕೇವಲ ನಾಲ್ಕು ಪಥಗಳ ಯಂತ್ರಗಳಲ್ಲಿ. ಇಂದಿನ ಗಣಕಯಂತ್ರದಲ್ಲಿ ನೂರು ಪಥಗಳೂ ದೊಡ್ಡ ಮಾತಲ್ಲ.

ಬೆರೆಸುವ ಹದ

ಬಿಡಿಬಿಡಿಯಾಗಿ ಮುದ್ರಿಸಿದ ದನಿಗಳನ್ನು ಒಂದುಗೂಡಿಸುವ ಕೆಲಸವೇ ಮಿಕ್ಸಿಂಗ್. ಇಲ್ಲೊಂದು ತೊಡಕಿದೆ. ಹತ್ತಿರದ ಸ್ಥಾಯಿಯ ಎರಡು ಸದ್ದುಗಳಿದ್ದರೆ ಜೋರಿನದು ಮೆಲ್ಲಗಿನದನ್ನು ಮರೆಮಾಡುತ್ತದೆ. ಗಾಯಕಿಯ ದನಿ ಕೇಳಿಸುತ್ತಿಲ್ಲವೆಂದು ಅದನ್ನು ಏರಿಸಿದರೆ ವೀಣೆ ಮುಳುಗುತ್ತದೆ; ವೀಣೆಯನ್ನು ಏರಿಸಿದರೆ ಮೃದಂಗ ಮುಳುಗುತ್ತದೆ. ಪಳಗಿದ ತಂತ್ರಜ್ಞ ಏರಿಸುವುದಕ್ಕಿಂತ ಇಳಿಸುವುದನ್ನೇ ಹೆಚ್ಚು ಮಾಡುತ್ತಾನೆ. ದನಿಗೆ ಅಡ್ಡ ಬರುವ ಸ್ಥಾಯಿಯನ್ನಷ್ಟೇ ವೀಣೆಯಲ್ಲಿ ಸ್ವಲ್ಪ ತಗ್ಗಿಸುತ್ತಾನೆ. ಆಗ ಎರಡೂ ಕೇಳಿಸುತ್ತವೆ.

ಇನ್ನೊಂದು ಉಪಾಯ ಎಡ-ಬಲ. ನಮ್ಮ ಎರಡು ಕಿವಿಗಳ ನಡುವಿನ ಅಂತರ ಸುಮಾರು 20 ಸೆಂಟಿಮೀಟರ್. ಬಲಗಡೆಯಿಂದ ಬಂದ ಸದ್ದು ಎಡಗಿವಿಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ತಡವಾಗಿ, ತುಸು ಕ್ಷೀಣವಾಗಿ ಮುಟ್ಟುತ್ತದೆ. ಇಷ್ಟರಿಂದಲೇ ಮಿದುಳು ದಿಕ್ಕು ಹೇಳುತ್ತದೆ! ವಾದ್ಯಗಳನ್ನು ಎಡಕ್ಕೆ, ಬಲಕ್ಕೆ, ನಡುವಿಗೆ ಹಂಚಿದರೆ ಕಣ್ಣು ಮುಚ್ಚಿದವರಿಗೆ ವೇದಿಕೆಯೇ ಎದುರಿಗೆ ಬಂದಂತಾಗುತ್ತದೆ.

ಮಿಕ್ಸಿಂಗ್ ಮುಗಿದ ಮೇಲೆ ಕೊನೆಯ ಹಂತ ಮಾಸ್ಟರಿಂಗ್. ಎಲ್.ಪಿ. ತಟ್ಟೆಗಳ ಕಾಲದಲ್ಲಿ ಇದು ನಾಜೂಕಿನ ಕೆಲಸವಾಗಿತ್ತು. ತಗ್ಗು ಸ್ಥಾಯಿಯ ಸದ್ದು ಅತಿಯಾದರೆ ಗೆರೆ ಅಗಲವಾಗಿ ಓಲಾಡಿ ಸೂಜಿಯೇ ಜಿಗಿಯುತ್ತಿತ್ತು. ಆದ್ದರಿಂದ ಆ ಸ್ಥಾಯಿಯನ್ನು ತಗ್ಗಿಸಿ ಕೊರೆದು, ನುಡಿಸುವಾಗ ಮತ್ತೆ ಏರಿಸುತ್ತಿದ್ದರು. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ಸೂಜಿಯ ಕಾಟ ತಪ್ಪಿತು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಬಾರಿ ದನಿಯನ್ನು ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದರಲ್ಲಿ ಕೂರಿಸುತ್ತಾರೆ. ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಇರಿಸಬಹುದು. ತಂಬೂರಿಗೆ ಇಷ್ಟು ವಿಶಾಲವಾದ ಮನೆ ಹಿಂದೆಂದೂ ಸಿಕ್ಕಿರಲಿಲ್ಲ.

ಜೋರಿನ ಜಿದ್ದು

ಆದರೆ ಆದದ್ದೇ ಬೇರೆ. ಒಂದೇ ಹಾಡನ್ನು ಎರಡು ಸಲ ಕೇಳಿಸಿ, ಎರಡನೆಯದನ್ನು ತುಸು ಜೋರಾಗಿಟ್ಟರೆ ಹೆಚ್ಚಿನವರು ಎರಡನೆಯದೇ ಚೆನ್ನಾಗಿದೆ ಎನ್ನುತ್ತಾರೆ. ಸದ್ದು ಹೆಚ್ಚಾದಾಗ ತಗ್ಗು ಸ್ಥಾಯಿ ಕಿವಿಗೆ ಹೆಚ್ಚು ತುಂಬಿ ಬರುವುದೂ ಇದಕ್ಕೆ ಕಾರಣ. ಇದನ್ನು ಬಲ್ಲ ಸಂಗೀತ ಕಂಪನಿಗಳು 1990ರ ದಶಕದಲ್ಲಿ ಪೈಪೋಟಿಗಿಳಿದವು. ಮೇಲಿನ ಮಿತಿ ದಾಟುವಂತಿಲ್ಲ. ಹಾಗಾಗಿ ಶಿಖರಗಳನ್ನು ಒತ್ತಿ ಕುಗ್ಗಿಸಿ, ಮೆಲ್ಲಗಿನ ಭಾಗಗಳನ್ನು ಮೇಲಕ್ಕೆತ್ತಿದರು. ಬೆಟ್ಟ ಕಣಿವೆಗಳಿದ್ದ ನೆಲ ಬಯಲಾಯಿತು. ಪಿಸುಮಾತೂ ಒಂದೇ, ಕೂಗೂ ಒಂದೇ.

2008ರಲ್ಲಿ ಅಮೆರಿಕದ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಸಂಪುಟ ಬಂದಾಗ ಅದರ ಅಭಿಮಾನಿಗಳೇ ಸಿಡಿದೆದ್ದರು. ಅದೇ ಹಾಡುಗಳು ಒಂದು ವಿಡಿಯೋ ಆಟದಲ್ಲಿ ಇಷ್ಟು ಒತ್ತಡವಿಲ್ಲದೆ ಬಂದಿದ್ದವು; ಸಿ.ಡಿ.ಗಿಂತ ಆಟದಲ್ಲೇ ಚೆನ್ನಾಗಿ ಕೇಳಿಸುತ್ತಿದ್ದವು! ಸಿ.ಡಿ.ಯನ್ನು ಮತ್ತೆ ಸಿದ್ಧಪಡಿಸಿಕೊಡಿ ಎಂದು ಸಾವಿರಾರು ಮಂದಿ ಮನವಿಗೆ ಸಹಿ ಹಾಕಿದರು.

ಈಗ ಗಾಳಿ ತಿರುಗಿದೆ. ಕಿವಿಗೆ ಅನಿಸುವ ಜೋರನ್ನು ಅಳೆಯುವ ಅಂತರರಾಷ್ಟ್ರೀಯ ಕ್ರಮವೊಂದು 2006ರಲ್ಲಿ ಬಂತು. ಅಂತರ್ಜಾಲದ ದೊಡ್ಡ ಸಂಗೀತ ಸೇವೆಗಳು ಹಾಡುಗಳನ್ನು ಸರಿಸುಮಾರು ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತವೆ. ಅತಿ ಜೋರಾಗಿ ಮಾಡಿದ ಹಾಡು ಅಲ್ಲಿ ತಾನೇ ತಗ್ಗುತ್ತದೆ; ಅದಕ್ಕೆ ಉಳಿಯುವುದು ಸಪ್ಪೆತನ ಮಾತ್ರ.

ಕಿವಿಗೂ ಬಿಡುವು ಬೇಕು

ಹಾಡು ಸಪ್ಪೆಯಾದರೆ ಹೋಗಲಿ, ಕಿವಿಯ ಗತಿ? ಒಳಗಿವಿಯ ಶಂಖದಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಸದ್ದನ್ನು ನರಗಳಿಗೆ ಮುಟ್ಟಿಸುವವು ಇವೇ. ಚರ್ಮ ಗಾಯವಾದರೆ ಮಾಯುತ್ತದೆ. ಈ ಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗಾದರೆ 75 ಡೆಸಿಬೆಲ್ಲೇ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೂ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ಕೇಳಬಹುದಾದ ಅವಧಿ ಅರ್ಧಕ್ಕಿಳಿಯುತ್ತದೆ. 80 ಡೆಸಿಬೆಲ್‌ಗೆ 40 ಗಂಟೆಯಾದರೆ 90ಕ್ಕೆ ಬರೀ 4 ಗಂಟೆ.

ಏರಿಳಿತವಿರುವ ಸಂಗೀತದಲ್ಲಿ ಮೆಲ್ಲಗಿನ ಭಾಗ ಬಂದಾಗ ಕಿವಿಗೆ ಕೊಂಚ ಬಿಡುವು ಸಿಗುತ್ತದೆ. ಒತ್ತಿ ಸಪಾಟು ಮಾಡಿದ ಹಾಡಿನಲ್ಲಿ ಅದೂ ಇಲ್ಲ. ಬಸ್ಸಿನ ಗದ್ದಲವನ್ನು ಮೀರಿಸಲು ಇಯರ್‌ಫೋನಿನ ಸದ್ದು ಏರಿಸುವ ಮಕ್ಕಳ ಕಿವಿಗೆ ಇದು ಸಾಲದ ಲೆಕ್ಕ. ಸಾಲ ತೀರಿಸುವುದು ನಡುವಯಸ್ಸಿನಲ್ಲಿ.

ಮನೆಯಲ್ಲೇ ಮಾಡಿ ನೋಡಿ

ಶಾಲೆಯ ವಾರ್ಷಿಕೋತ್ಸವಕ್ಕೆ ಮೊಬೈಲಿನಲ್ಲೇ ಹಾಡು ಮುದ್ರಿಸುವ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಒಂದೇ ಹಾಡನ್ನು ಬಚ್ಚಲುಮನೆಯಲ್ಲಿ, ಖಾಲಿ ಕೋಣೆಯಲ್ಲಿ, ಹಾಸಿಗೆ ಹೊದಿಕೆ ಬಟ್ಟೆಬರೆ ತುಂಬಿದ ಕೋಣೆಯಲ್ಲಿ ಮುದ್ರಿಸಿ ಹೋಲಿಸಿ ನೋಡಿ. ಬಟ್ಟೆ ಪ್ರತಿಧ್ವನಿಯನ್ನು ಹೀರುವುದರಿಂದ ಮೂರನೆಯದೇ ಸ್ಪಷ್ಟವಾಗಿ ಕೇಳಿಸುತ್ತದೆ. ಫೋನನ್ನು ಬಾಯಿಗೆ ಆನಿಸಬೇಡಿ. ಒಂದು ಗೇಣು ದೂರವಿರಲಿ. ಹಾಡಿನ ಅತಿ ಜೋರಿನ ಸಾಲನ್ನು ಮೊದಲು ಹಾಡಿ ಪರೀಕ್ಷಿಸಿ. ಅದು ಒಡಕಾಗಿ ಕೇಳಿದರೆ ಹಿಂದಕ್ಕೆ ಸರಿಯಿರಿ. ಒಮ್ಮೆ ಒಡೆದ ದನಿಯನ್ನು ಯಾವ ಮಾಸ್ಟರಿಂಗೂ ಪೂರ್ತಿ ಸರಿಮಾಡಲಾರದು.

ಹೆತ್ತವರಿಗೂ ಒಂದು ಪರೀಕ್ಷೆ ಉಂಟು. ಒಳ್ಳೆಯ ಶಾಸ್ತ್ರೀಯ ಗಾಯನವೊಂದನ್ನು ಹಚ್ಚಿ, ಕಿಟಕಿ ಮುಚ್ಚಿ, ಸದ್ದನ್ನು ಅರ್ಧಕ್ಕಿಳಿಸಿ ಮಕ್ಕಳೊಡನೆ ಸುಮ್ಮನೆ ಕುಳಿತುಕೊಳ್ಳಿ. ಗೌಹರ್ ಜಾನ್ ಕಹಳೆಯೆದುರು ದನಿಯೆತ್ತಿ ಹಾಡಿದ್ದು ಅನಿವಾರ್ಯದಿಂದ; ನಮಗೆ ಆ ಅನಿವಾರ್ಯವಿಲ್ಲ. ಎರಡು ನಿಮಿಷ ಕಳೆದ ಮೇಲೆ ಮಕ್ಕಳನ್ನು ಕೇಳಿ, ಹಿಂದೆ ತಂಬೂರಿ ಕೇಳಿಸುತ್ತಿದೆಯೆ ಎಂದು. ಕೇಳಿಸಿದರೆ ಧ್ವನಿಮುದ್ರಣವೂ ಚೆನ್ನಾಗಿದೆ, ಅವರ ಕಿವಿಯೂ ಚೆನ್ನಾಗಿದೆ.